ಮನೆ ಎಣಿಸುವ ಮೊದಲು ದಾರಿ ಕೂಡಿದೆಯಾ ನೋಡಿ

ಬೆಂಗಳೂರಿನ ಒಂದು ಮ್ಯಾಪಿಂಗ್ ಸಂಸ್ಥೆಯಲ್ಲಿ ನನ್ನ ಕೆಲಸ. ನಾನೇ ನಕ್ಷೆ ಬರೆಯುವುದು ಕಡಿಮೆ, ಬೇರೆಯವರು ಬರೆದದ್ದನ್ನು ನೋಡಿ ತಿದ್ದುವುದು ಜಾಸ್ತಿ. ನಮ್ಮಲ್ಲಿ ಇದಕ್ಕೆ ವ್ಯಾಲಿಡೇಶನ್ ಅಂತಾರೆ. ಭೂಕಂಪ, ನೆರೆ, ಸಾಂಕ್ರಾಮಿಕ ರೋಗ ಬಂದ ಕಡೆಗಳಿಗಾಗಿ ಸ್ವಯಂಸೇವಕರು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಆನ್‌ಲೈನ್ ನಕ್ಷೆಯಲ್ಲಿ ಮನೆ, ರಸ್ತೆ, ಹಳ್ಳ ಎಲ್ಲ ಬರೆಯುತ್ತಾರೆ. ಅದರಲ್ಲಿ ಒಂದಷ್ಟು ನನ್ನ ಟೇಬಲ್‌ಗೆ ಬರುತ್ತದೆ. ಕಾಲೇಜುಗಳಿಗೆ ಹೋಗಿ ಮ್ಯಾಪಥಾನ್, ಅಂದರೆ ಎಲ್ಲರೂ ಒಟ್ಟಿಗೆ ಕೂತು ನಕ್ಷೆ ಬರೆಯುವ ಕಾರ್ಯಕ್ರಮ, ನಡೆಸುವುದೂ ನನ್ನ ಪಾಲಿನ ಕೆಲಸವೇ. ಇಷ್ಟು ದಿನ ಇದನ್ನು ಮಾಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಈ ನಕ್ಷೆಯನ್ನು ನಾಳೆ ಯಾರು ಹಿಡಿದುಕೊಂಡು ಎಲ್ಲಿಗೆ ಹೋಗುತ್ತಾರೆ ಅಂತ ಯೋಚಿಸಿಯೇ ಗೆರೆ ಎಳೆಯಬೇಕು. ಎಷ್ಟು ಬರೆದೆವು ಅನ್ನುವ ಲೆಕ್ಕ ಆಮೇಲೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡ್‌ನಲ್ಲಿ ಶುರುವಾಯಿತು. ಶುರು ಮಾಡಿದವರು ಸ್ಟೀವ್ ಕೋಸ್ಟ್. ಯಾರು ಬೇಕಾದರೂ ಖಾತೆ ತೆರೆದು ಅದಕ್ಕೆ ಸೇರಿಸಬಹುದು, ತಿದ್ದಬಹುದು. ಅದರ ಡೇಟಾವನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಎಲ್ಲಿಂದ ತಂದದ್ದು ಅಂತ ಹೇಳಬೇಕು, ಡೇಟಾ ತಿದ್ದಿ ಹಂಚುವುದಾದರೆ ಅದೇ ಷರತ್ತಿನಲ್ಲಿ ಹಂಚಬೇಕು, ಅಷ್ಟೇ. ಪರಿಹಾರ ಕೆಲಸಕ್ಕೆ ಇದು ಎಷ್ಟು ಒದಗುತ್ತದೆ ಅಂತ ಲೋಕಕ್ಕೆ ಗೊತ್ತಾದದ್ದು 2010ರ ಜನವರಿ 12ರಂದು ಹೈಟಿಯಲ್ಲಿ ಭೂಮಿ ನಡುಗಿದ ಮೇಲೆ. ರಾಜಧಾನಿ ಪೋರ್ಟ್ ಒ ಪ್ರಿನ್ಸ್‌ನ ಎಷ್ಟೋ ಗಲ್ಲಿಗಳು ಆಗ ಈ ನಕ್ಷೆಯಲ್ಲಿ ಇರಲೇ ಇಲ್ಲ. ಉಪಗ್ರಹ ಕಂಪನಿಗಳು ಹೊಸ ಚಿತ್ರಗಳನ್ನು ಬಿಟ್ಟುಕೊಟ್ಟವು. ಬೇರೆ ಬೇರೆ ದೇಶದ ನೂರಾರು ಜನ ತಮ್ಮ ಮನೆಯಲ್ಲೇ ಕೂತು ರಸ್ತೆ ಬರೆದರು. ಕೆಲವೇ ದಿನಗಳಲ್ಲಿ ರಕ್ಷಣಾ ತಂಡಗಳು ಅದನ್ನು ತಮ್ಮ ಜಿಪಿಎಸ್ ಸಾಧನಗಳಿಗೆ ಹಾಕಿಕೊಂಡು ಓಡಾಡಿದವು.

ಅದೇ ವರ್ಷ ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್ ಅನ್ನುವ ಸಂಸ್ಥೆ ನೋಂದಣಿಯಾಯಿತು. ನಾವೆಲ್ಲ ಹಾಟ್ ಅಂತ ಕರೆಯುವುದು ಅದನ್ನೇ. 2014ರ ನವೆಂಬರ್‌ನಲ್ಲಿ ಹಾಟ್, ಅಮೆರಿಕನ್ ರೆಡ್ ಕ್ರಾಸ್, ಬ್ರಿಟಿಷ್ ರೆಡ್ ಕ್ರಾಸ್ ಮತ್ತು ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಅನ್ನುವ ವೈದ್ಯಕೀಯ ನೆರವಿನ ಸಂಸ್ಥೆ ಸೇರಿ ಮಿಸ್ಸಿಂಗ್ ಮ್ಯಾಪ್ಸ್ ಅನ್ನುವ ಯೋಜನೆ ಶುರು ಮಾಡಿದವು. ಅನಾಹುತ ಆದ ಮೇಲೆ ಗಡಿಬಿಡಿ ಮಾಡುವ ಬದಲು ಮೊದಲೇ ಬರೆದಿಡೋಣ ಅನ್ನುವುದು ಅವರ ಯೋಚನೆ.

ಕೆಲಸ ಹಂಚುವುದಕ್ಕೆ ಟಾಸ್ಕಿಂಗ್ ಮ್ಯಾನೇಜರ್ ಅಂತ ಒಂದು ಜಾಲತಾಣ ಇದೆ. ದೊಡ್ಡ ಪ್ರದೇಶವನ್ನು ಅಲ್ಲಿ ಚೌಕ ಚೌಕ ಮಾಡಿಟ್ಟಿರುತ್ತಾರೆ. ನೀವು ಒಂದು ಚೌಕ ತೆಗೆದುಕೊಂಡರೆ ಅದು ನಿಮ್ಮ ಹೆಸರಿಗೆ ಲಾಕ್ ಆಗುತ್ತದೆ. ಸ್ಯಾಟಲೈಟ್ ಚಿತ್ರದ ಮೇಲೆ ಮನೆ, ರಸ್ತೆ ಬರೆದು ಮುಗೀತು ಅಂದರೆ ನಮ್ಮಂಥವರ ಸರದಿ. ನಾವು ನೋಡಿ ಒಪ್ಪಬೇಕು, ಇಲ್ಲಾ ಇನ್ನೂ ಕೆಲಸ ಬಾಕಿ ಇದೆ ಅಂತ ವಾಪಸ್ ಕಳಿಸಬೇಕು.

ಮ್ಯಾಪಥಾನ್‌ನಲ್ಲಿ ಎಲ್ಲರ ಕಣ್ಣೂ ಲೆಕ್ಕದ ಮೇಲೆ. ಮುಂದಿನ ಪರದೆಯಲ್ಲಿ ಮನೆಗಳ ಸಂಖ್ಯೆ ಏರುತ್ತಾ ಹೋದ ಹಾಗೆ ಹುಡುಗರಿಗೆ ಹುರುಪು. ಆ ಹುರುಪು ಬೇಕು, ಅದನ್ನು ಕಂಡರೆ ನನಗೂ ಖುಷಿ. ಆದರೆ ಮನೆ ಬರೆಯುವುದು ಸುಲಭ. ನಾಲ್ಕು ಮೂಲೆ ಒತ್ತಿ, ಕ್ಯೂ ಕೀ ಒತ್ತಿದರೆ ಮೂಲೆ ನೇರವಾಗುತ್ತದೆ. ಹಾಗಾಗಿ ಎಲ್ಲರೂ ಮನೆಗೇ ಕೈ ಹಾಕುತ್ತಾರೆ, ರಸ್ತೆ ಹಾಗೇ ಉಳಿಯುತ್ತದೆ. ಚೌಕ ತೆರೆದ ಕೂಡಲೇ ನಾನು ನೋಡುವುದು ರಸ್ತೆಗೆ ರಸ್ತೆ ಸೇರುವ ಜಾಗವನ್ನು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ನಕ್ಷೆಯಲ್ಲಿ ರಸ್ತೆ ಅಂದರೆ ಚುಕ್ಕೆಗಳನ್ನು ಸೇರಿಸಿ ಎಳೆದ ಗೆರೆ. ಆ ಚುಕ್ಕೆಗೆ ನೋಡ್ ಅಂತಾರೆ. ಹಳ್ಳಿಯಿಂದ ಬರುವ ಮಣ್ಣುದಾರಿ ಡಾಂಬರು ರಸ್ತೆಗೆ ಸೇರುವ ಕಡೆ ಎರಡು ಗೆರೆಗೂ ಒಂದೇ ನೋಡ್ ಇರಬೇಕು. ಹೊಸಬರು ಮಣ್ಣುದಾರಿಯನ್ನು ಡಾಂಬರಿನ ಅಂಚಿನವರೆಗೆ ತಂದು ನಿಲ್ಲಿಸಿಬಿಡುತ್ತಾರೆ. ಚಿತ್ರದಲ್ಲಿ ಅದು ಅಲ್ಲಿಗೇ ಮುಗಿದ ಹಾಗೆ ಕಾಣುತ್ತದೆ, ಅವರ ತಪ್ಪೇನೂ ಇಲ್ಲ. ಪರದೆಯ ಮೇಲೆ ಎರಡೂ ಕೂಡಿದ ಹಾಗೇ ತೋರುತ್ತದೆ. ಚೆನ್ನಾಗಿ ಜೂಮ್ ಮಾಡಿದರೆ ನಡುವೆ ಎರಡು ಮೂರು ಮೀಟರ್ ಖಾಲಿ. ಕೆಲವು ಸಲ ಒಂದು ಗೆರೆ ಇನ್ನೊಂದರ ಮೇಲೆ ಹಾದುಹೋಗಿರುತ್ತದೆ, ಆದರೂ ನೋಡ್ ಒಂದಾಗಿರುವುದಿಲ್ಲ. ನಮ್ಮ ಕಣ್ಣಿಗೆ ಇದು ಲೆಕ್ಕಕ್ಕೇ ಇಲ್ಲ. ದಾರಿ ಹುಡುಕುವ ಸಾಫ್ಟ್‌ವೇರ್‌ಗೆ ಮಾತ್ರ ಅಲ್ಲಿಗೆ ದಾರಿ ಮುಗಿಯಿತು. ಆಂಬುಲೆನ್ಸ್ ಚಾಲಕನ ಫೋನು ಅವನನ್ನು ಎಲ್ಲೆಲ್ಲೋ ಸುತ್ತಿಸುತ್ತದೆ, ಇಲ್ಲವೇ ಆ ಊರಿಗೆ ದಾರಿಯೇ ಸಿಗುತ್ತಿಲ್ಲ ಅನ್ನುತ್ತದೆ. ಊರಿನ ಪ್ರತಿ ಮನೆಯನ್ನೂ ಅಂದವಾಗಿ ಬರೆದಿಟ್ಟಿರಬಹುದು. ಆ ಒಂದು ನೋಡ್ ಕೂಡದಿದ್ದರೆ ಅಕ್ಕಿ ಹೊತ್ತ ಲಾರಿಗೆ ಈ ನಕ್ಷೆ ದಾರಿ ತೋರಿಸುವುದಿಲ್ಲ.

ಈ ನಕ್ಷೆ ಬರೆಯಲು ಬಳಸುವ ಸಾಫ್ಟ್‌ವೇರ್‌ಗೆ ಎಡಿಟರ್ ಅಂತಾರೆ. ಜೋಸಮ್ ಅನ್ನುವ ಎಡಿಟರ್ ಅಪ್‌ಲೋಡ್ ಮಾಡುವ ಮೊದಲು ಇಂಥದ್ದನ್ನು ಹಿಡಿದು ಎಚ್ಚರಿಸುತ್ತದೆ. ಬ್ರೌಸರ್‌ನಲ್ಲೇ ತೆರೆಯುವ ಐಡಿ ಎಡಿಟರ್ ಕೂಡ ತೋರಿಸುತ್ತದೆ. ಹಳದಿ ಎಚ್ಚರಿಕೆ ಕಂಡ ಕೂಡಲೇ ಹೊಸಬರು ಗಾಬರಿಯಾಗಿ ಮುಚ್ಚಿಬಿಡುತ್ತಾರೆ, ಅದೇ ಕಷ್ಟ. ಅದಕ್ಕೆ ನಾನು ಈಗ ತರಗತಿ ಶುರು ಮಾಡುವುದೇ ರಸ್ತೆಗೆ ರಸ್ತೆ ಸೇರುವ ಕವಲಿನಿಂದ. ಓಪನ್‌ಸ್ಟ್ರೀಟ್‌ಮ್ಯಾಪ್ ಜಾಲತಾಣದಲ್ಲೇ ದಾರಿ ಕೇಳುವ ಸೌಲಭ್ಯ ಇದೆ. ಇಲ್ಲಿಂದ ಆ ಊರಿಗೆ ದಾರಿ ತೆಗೀರಿ ಅಂತೇನೆ. ಎದುರಿಗೇ ಕಾಣುವ ಊರಿಗೆ ನಕ್ಷೆ ಎಲ್ಲೋ ಸುತ್ತಿಸಿ ಕರೆದುಕೊಂಡು ಹೋಗುವುದನ್ನು ಒಮ್ಮೆ ನೋಡಿದವರು ಆಮೇಲೆ ನೋಡ್ ಕೂಡಿಸುವುದನ್ನು ಮರೆಯುವುದಿಲ್ಲ.

ಇನ್ನು ಮನೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳು ಮುಳುಗಿದ್ದು ನೆನಪಿರಬಹುದು. ಒಂದು ಕಾಲೇಜಿನಲ್ಲಿ ಮಲಪ್ರಭಾ ದಂಡೆಯ ಹಳ್ಳಿಗಳನ್ನೇ ಅಭ್ಯಾಸಕ್ಕೆ ಕೊಟ್ಟಿದ್ದೆ. ಬೆಂಗಳೂರಲ್ಲೇ ಬೆಳೆದ ಒಬ್ಬ ಹುಡುಗ ಊರ ಅಂಚಿನ ಆಕಾರಗಳನ್ನೆಲ್ಲ ಮನೆ ಅಂತ ಬರೆಯುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಗದಗ ಕಡೆಯ ಹುಡುಗಿ ಬಗ್ಗಿ ನೋಡಿ, "ಮೇಡಂ, ಇವು ಮನಿ ಅಲ್ಲರೀ, ಬಣವಿ. ಬಾಜೂಕ ಕಣ ಐತಿ ನೋಡ್ರಿ" ಅಂದಳು.

ಹೇಗೆ ಗೊತ್ತಾಯಿತು ಅಂತ ಅವಳಿಂದಲೇ ಎಲ್ಲರಿಗೂ ಹೇಳಿಸಿದೆ. ಮನೆಯ ಅಂಚು ಖಡಕ್ಕಾಗಿರುತ್ತದೆ, ಬಣವೆಯದು ಮಸುಕು. ಮನೆ ಬಾಗಿಲಿಗೆ ಜನ ನಡೆದು ನಡೆದು ದಾರಿ ಬಿದ್ದಿರುತ್ತದೆ. ಬೇರೆ ತಿಂಗಳ ಚಿತ್ರ ಹಾಕಿದರೆ ಬಣವೆ ಸಣ್ಣದಾಗಿರುತ್ತದೆ, ಇಲ್ಲಾ ಜಾಗವೇ ಬದಲಾಗಿರುತ್ತದೆ. ಅವಳು ಹೇಳಿದ್ದನ್ನೇ ನಾನು ಈಗ ಆಫ್ರಿಕಾದ ಹಳ್ಳಿಗಳ ದುಂಡು ಗುಡಿಸಲು ನೋಡುವಾಗಲೂ ಇಟ್ಟುಕೊಂಡಿದ್ದೇನೆ. ಅಲ್ಲಿ ಮರದ ನೆತ್ತಿ ಯಾವುದು, ಗುಡಿಸಲಿನ ಚಾವಣಿ ಯಾವುದು ಅಂತ ಗೊತ್ತಾಗುವುದು ನೆರಳಿನಿಂದ, ಕಾಲುದಾರಿಯಿಂದ. ಇಷ್ಟೆಲ್ಲ ಯಾಕೆ ಅಂದರೆ, ಜನಗಣತಿ ಸರಿಯಾಗಿ ಆಗದ ಕಡೆ ಲಸಿಕೆ ಹಾಕುವವರು ಮನೆ ಎಣಿಸಿ ಜನರ ಅಂದಾಜು ಹಾಕುತ್ತಾರೆ. ಬಣವೆ, ಕೊಟ್ಟಿಗೆ ಎಲ್ಲ ಮನೆಯಾದರೆ ಒಂದು ಊರಿಗೆ ಲಸಿಕೆ ಜಾಸ್ತಿ ಹೋಗುತ್ತದೆ, ಇನ್ನೊಂದಕ್ಕೆ ಸಾಲುವುದಿಲ್ಲ.

ಗುಡ್ಡಗಾಡಿನಲ್ಲಿ ಬೇರೆ ಥರದ ತೊಡಕು. ಅಲ್ಲಿ ಸ್ಯಾಟಲೈಟ್ ಚಿತ್ರ ನೆಲದ ನಿಜವಾದ ಜಾಗಕ್ಕಿಂತ ಕೆಲವು ಮೀಟರ್ ಸರಿದಿರುತ್ತದೆ. ಒಂದು ಚಿತ್ರ ಈ ಕಡೆ ಸರಿದಿದ್ದರೆ ಇನ್ನೊಂದು ಆ ಕಡೆ. ಒಬ್ಬರು ಒಂದು ಚಿತ್ರ ನೋಡಿ ರಸ್ತೆ ಬರೆದು, ಇನ್ನೊಬ್ಬರು ಬೇರೆ ಚಿತ್ರ ನೋಡಿ ಮನೆ ಬರೆದರೆ ಮನೆ ಹೋಗಿ ರಸ್ತೆ ಮಧ್ಯೆ ಕೂರುತ್ತದೆ. ಯಾವ ಚಿತ್ರ ಬಳಸಬೇಕು ಅಂತ ಟಾಸ್ಕಿಂಗ್ ಮ್ಯಾನೇಜರ್‌ನ ಸೂಚನೆಯಲ್ಲಿ ಬರೆದಿರುತ್ತಾರೆ. ದಯವಿಟ್ಟು ಆ ಸೂಚನೆ ಓದಿ. ಅಲ್ಲಿ ಯಾರಾದರೂ ನಡೆದು ದಾಖಲಿಸಿದ ಜಿಪಿಎಸ್ ಗೆರೆಗಳಿದ್ದರೆ ಚಿತ್ರವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು.

ಗುಡ್ಡಗಾಡು ಅಂದಾಗ ನೇಪಾಳದ ಮಾತು ಹೇಳಲೇಬೇಕು. 2015ರ ಏಪ್ರಿಲ್ 25ರಂದು ಅಲ್ಲಿ 7.8 ತೀವ್ರತೆಯ ಭೂಕಂಪ ಆದಾಗ ಜಗತ್ತಿನ ಸಾವಿರಾರು ಜನ ನಕ್ಷೆ ಬರೆಯಲು ಕೂತರು. ಜನ ಬಯಲಿನಲ್ಲಿ ಡೇರೆ ಹಾಕಿಕೊಂಡ ಜಾಗಗಳನ್ನೂ ಹೊಸ ಚಿತ್ರ ನೋಡಿ ಗುರುತು ಮಾಡಿದರು. ಆದರೆ ಅದಕ್ಕೆ ತಳಪಾಯ ಹಾಕಿದವರು ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಅನ್ನುವ ಸಂಸ್ಥೆಯ, ಅಲ್ಲಿನದೇ ಹುಡುಗ ಹುಡುಗಿಯರು. ಭೂಕಂಪಕ್ಕೆ ವರ್ಷಗಳ ಮೊದಲೇ ಅವರು ಕಠ್ಮಂಡು ಕಣಿವೆಯ ಶಾಲೆ, ಆಸ್ಪತ್ರೆಗಳಿಗೆ ಹೋಗಿ ವಿವರ ತಂದು ಸೇರಿಸಿದ್ದರು. ಭೂಕಂಪ ಆದ ದಿನ ಹೊರಗಿನವರಿಗೆ ಏನು ಬೇಕು, ಏನು ಬೇಡ ಅಂತ ಹೇಳುವವರು ಊರಲ್ಲೇ ಇದ್ದರು. ಈ ಕೆಲಸದಲ್ಲಿ ನಾನು ಅತ್ಯಂತ ಗೌರವದಿಂದ ನೋಡುವುದು ಇಂಥವರನ್ನು.

ದೂರದಲ್ಲಿ ಕೂತ ನಮಗೆ ಕಾಣದ್ದು ಬಹಳ. 2014ರ ಮಾರ್ಚ್‌ನಲ್ಲಿ ಗಿನಿ ದೇಶದ ಗೆಕೆಡು ಕಡೆ ಎಬೋಲಾ ಕಂಡಾಗ, ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಕೇಳಿದ ಮೇಲೆ ಸ್ವಯಂಸೇವಕರು ಆ ಪಟ್ಟಣವನ್ನು ಬೇಗ ಬೇಗ ಬರೆದುಕೊಟ್ಟರು. ಆದರೆ ರೋಗಿ ಯಾವ ಊರಿನವರು, ಯಾರ ಯಾರ ಮನೆಗೆ ಹೋಗಿದ್ದರು ಅಂತ ಹುಡುಕುವವರಿಗೆ ಊರಿನ ಹೆಸರು ಬೇಕು. ಸ್ಯಾಟಲೈಟ್ ಚಿತ್ರದಲ್ಲಿ ಹೆಸರು ಇರುವುದಿಲ್ಲ ಅಲ್ವಾ? ಅದನ್ನು ಅಲ್ಲಿ ನಿಂತವರೇ ಕೇಳಿ ಬರೆಯಬೇಕು.

ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ 2015ರಲ್ಲಿ ಶುರುವಾದ ರಮಾನಿ ಹುರಿಯಾ ಯೋಜನೆಯನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಮಳೆ ಬಂದರೆ ಮುಳುಗುವ ಬಡಾವಣೆಗಳು ಅವು. ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ಆಯಾ ವಾರ್ಡಿನ ಜನ ಸೇರಿ ಚರಂಡಿ ಚರಂಡಿ ಹಿಡಿದು ನಡೆದರು. ಎಷ್ಟು ಅಗಲ, ಎಷ್ಟು ಆಳ, ಎಲ್ಲಿ ಕಸ ಕಟ್ಟಿದೆ ಅಂತ ಬರೆದುಕೊಂಡರು. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅಲ್ಲಿ ವಾಸ ಇದ್ದವರನ್ನೇ ಕೇಳಿದರು. ಚರಂಡಿಯ ಆಳ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ನಮ್ಮ ಪಕ್ಕದ ಚೆನ್ನೈ 2015ರ ಕೊನೆಯಲ್ಲಿ ಮುಳುಗಿದಾಗಲೂ ನೀರು ನಿಂತ ರಸ್ತೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ನಕ್ಷೆಯಲ್ಲಿ ಗುರುತು ಮಾಡಿದವರು ಜನರೇ.

ಪರಿಶೀಲನೆ ಅಂದರೆ ಬರೀ ತಪ್ಪು ಹಿಡಿಯುವುದು ಅಂದುಕೊಂಡು ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು. ಚೌಕ ವಾಪಸ್ ಕಳಿಸುವಾಗ ಜೊತೆಗೆ ಬರೆಯುವ ನಾಲ್ಕು ಸಾಲಿನ ಮೇಲೆ ಆ ಹೊಸಬರು ಮತ್ತೆ ಬರುತ್ತಾರಾ ಇಲ್ಲವಾ ಅನ್ನುವುದು ನಿಂತಿದೆ. "ರಸ್ತೆ ಸರಿಯಿಲ್ಲ" ಅಂತ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ, ಬೇಜಾರು ಮಾತ್ರ ಆಗುತ್ತದೆ. ನಾನು ಬರೆಯುವುದು ಹೀಗೆ: "ನಮಸ್ಕಾರ. ಮನೆಗಳ ಮೂಲೆ ತುಂಬಾ ಚೆನ್ನಾಗಿ ಬಂದಿವೆ. ಕೆರೆ ಪಕ್ಕದ ಮಣ್ಣುದಾರಿ ಮುಖ್ಯ ರಸ್ತೆಗೆ ಕೂಡಿಲ್ಲ. ಅದರ ತುದಿಯ ಚುಕ್ಕೆಯನ್ನು ಎಳೆದು ರಸ್ತೆಯ ಗೆರೆ ಮೇಲೆ ಬಿಡಿ, ಅಂಟಿಕೊಳ್ಳುತ್ತದೆ. ಪಶ್ಚಿಮದ ಕವಲು ನಾನು ಮಾಡಿದ್ದೇನೆ, ಇದನ್ನು ನೀವು ಮಾಡಿ ನೋಡಿ." ಹೀಗೆ ಬರೆಯಲು ಜಾಸ್ತಿ ಹೊತ್ತೇನೂ ಬೇಡ. ಎಷ್ಟೋ ಜನ ತಿದ್ದಿ, ಇನ್ನೊಂದು ಚೌಕ ಕೇಳಿಕೊಂಡು ಬಂದಿದ್ದಾರೆ. ಅವರಲ್ಲಿ ಕೆಲವರು ಈಗ ನನ್ನ ಜೊತೆಗೇ ಪರಿಶೀಲನೆ ಮಾಡುತ್ತಾರೆ.

ಇನ್ನೆರಡು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗೂಗಲ್ ಮ್ಯಾಪ್ ನೋಡಿ ಇಲ್ಲಿಗೆ ನಕಲು ಮಾಡಬಾರದು, ಹೆಸರು ಕೂಡ. ಲೈಸೆನ್ಸ್ ಒಪ್ಪುವುದಿಲ್ಲ, ಸಿಕ್ಕಿದರೆ ಎಲ್ಲ ತೆಗೆದುಹಾಕುತ್ತಾರೆ. ಮತ್ತೆ, ಕಂಡದ್ದೆಲ್ಲ ಬರೆಯಲೂಬಾರದು. ಮನೆಯ ಯಜಮಾನರ ಹೆಸರು, ಮೊಬೈಲ್ ನಂಬರ್ ನಕ್ಷೆಗೆ ಬೇಡ. ಹಿಂಸೆಯಿಂದ ಓಡಿಬಂದ ಹೆಣ್ಣುಮಕ್ಕಳು ಇರುವ ಆಶ್ರಯಮನೆ ಎಲ್ಲಿದೆ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುವುದು ಅವರ ಜೀವಕ್ಕೇ ಅಪಾಯ.

ನಮ್ಮ ಕಡೆ ಏನು ಮಾಡಬಹುದು ಅಂತ ತರಗತಿಯ ಕೊನೆಗೆ ಯಾರಾದರೂ ಕೇಳುತ್ತಾರೆ. ಊರಿಗೆ ಹೋದಾಗ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಊರನ್ನು ತೆರೆದು ನೋಡಿ ಅಂತೇನೆ. ತಾಂಡಾ, ಹಾಡಿ, ದೊಡ್ಡಿಗಳ ಹೆಸರು ಇದೆಯಾ? ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ ಇದೆಯಾ? ಇಲ್ಲದಿದ್ದರೆ ಅಲ್ಲೇ ನಿಂತು ಸೇರಿಸಿ. ಮೊಬೈಲ್‌ನಿಂದಲೇ ಆಗುತ್ತದೆ. ಹೆಸರನ್ನು ಕನ್ನಡದಲ್ಲೂ ಬರೆಯಲು ಬೇರೆ ಜಾಗ ಇದೆ, ಅದನ್ನು ಖಾಲಿ ಬಿಡಬೇಡಿ. ಊರಿನವರು ಹೇಗೆ ಕರೆಯುತ್ತಾರೋ ಹಾಗೇ ಬರೆಯಿರಿ.

ಕರಾವಳಿ, ಮಲೆನಾಡಿನವರಾದರೆ ಮುಳುಗು ಸೇತುವೆಗಳಿಂದ ಶುರು ಮಾಡಿ. ಬೇಸಿಗೆಯ ಚಿತ್ರದಲ್ಲಿ ಅದು ಮಾಮೂಲಿ ಸೇತುವೆಯ ಹಾಗೇ ಕಾಣುತ್ತದೆ. ಜೋರು ಮಳೆಗೆ ನೀರು ಮೇಲೆ ಹರಿದು ದಾರಿ ಕಟ್ಟಾಗುತ್ತದೆ ಅನ್ನುವುದು ಆ ಊರಿನವರಿಗೇ ಗೊತ್ತು. ನೆರೆ ನೀರು ಏರುವ ಜಾಗ ಅಂತ ಗುರುತಿಸಲು ಒಂದು ಟ್ಯಾಗ್, ಅಂದರೆ ನಕ್ಷೆಯ ಗೆರೆಗೆ ಅಂಟಿಸುವ ಚೀಟಿಯಂಥ ವಿವರ, ಇದೆ. ಅದನ್ನು ಹಾಕಿದರೆ ನಕ್ಷೆ ನೋಡುವ ರಕ್ಷಣಾ ತಂಡಕ್ಕೆ ಬೇರೆ ದಾರಿ ಹಿಡಿಯಬೇಕು ಅಂತ ಮೊದಲೇ ತಿಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಆ ಕಡೆಯ ಕಾಲೇಜುಗಳಲ್ಲಿ ಇದೊಂದನ್ನೇ ಮಾಡಿಸಬೇಕು ಅಂತಿದ್ದೇನೆ. ನಿಮ್ಮ ಊರಲ್ಲಿ ಅಂಥ ಸೇತುವೆ ಇದ್ದರೆ ನನ್ನನ್ನು ಕಾಯಬೇಡಿ, ಇವತ್ತೇ ಹಾಕಿ.