ಗೆಳೆಯರ ಜೊತೆ ಕೆರಿಬಿಯನ್ ಕ್ರೂಸ್: ಹಡಗು ಆಮೇಲೆ, ಮೊದಲು ಪಾಸ್‌ಪೋರ್ಟ್ ನೋಡಿ

ಅಮೆರಿಕದಲ್ಲಿರುವ ಮೂರ್ನಾಲ್ಕು ಕನ್ನಡದ ಜೋಡಿಗಳು ಸೇರಿ ಕ್ರೂಸ್‌ಗೆ ಹೋಗೋಣ ಎಂದುಕೊಂಡರೆ ವಾಟ್ಸಾಪ್ ಗುಂಪಿನಲ್ಲಿ ಮೊದಲು ಶುರುವಾಗುವ ಚರ್ಚೆ ಯಾವ ಹಡಗು, ಬಾಲ್ಕನಿ ಬೇಕೋ ಬೇಡವೋ ಎನ್ನುವುದರದ್ದು. ಅದು ಕೊನೆಗೆ ಬರಬೇಕಾದ ಮಾತು. ಒಂದೇ ಗುಂಪಿನಲ್ಲಿ ಒಬ್ಬರು ಅಮೆರಿಕದ ಪ್ರಜೆ, ಒಬ್ಬರದು ಗ್ರೀನ್ ಕಾರ್ಡ್, ಇನ್ನಿಬ್ಬರು ಎಚ್-1ಬಿ ಕೆಲಸದ ವೀಸಾ, ಜೊತೆಗೆ ಊರಿಂದ ಬಂದ ಅಪ್ಪ-ಅಮ್ಮ ಬಿ-2 ಪ್ರವಾಸಿ ವೀಸಾದಲ್ಲಿ ಇರುವುದು ಮಾಮೂಲು. ಇವರಲ್ಲಿ ಯಾರ ಕಾಗದಪತ್ರ ಎಲ್ಲಕ್ಕಿಂತ ತೆಳುವಾಗಿದೆಯೋ, ಇಡೀ ಗುಂಪಿನ ದಾರಿಯನ್ನು ತೀರ್ಮಾನಿಸುವುದು ಅವರ ಪಾಸ್‌ಪೋರ್ಟು.

ಮಯಾಮಿಯಲ್ಲಿ ಹತ್ತಿ ಮಯಾಮಿಯಲ್ಲೇ ಇಳಿಯುತ್ತೇವೆ, ಇದರಲ್ಲಿ ವಿದೇಶ ಪ್ರಯಾಣ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಅದರ ಮೂಲ 1886ರ ಪ್ಯಾಸೆಂಜರ್ ವೆಸಲ್ ಸರ್ವಿಸಸ್ ಆಕ್ಟ್. ಕೆರಿಬಿಯನ್‌ನಲ್ಲಿ ಓಡಾಡುವ ದೊಡ್ಡ ಹಡಗುಗಳು ಬಹಾಮಾಸ್, ಪನಾಮಾ, ಮಾಲ್ಟಾದಂಥ ದೇಶಗಳಲ್ಲಿ ನೋಂದಣಿಯಾದವು. ಇಂಥ ಹಡಗು ಅಮೆರಿಕದ ಬಂದರಿನಿಂದ ಜನರನ್ನು ಹತ್ತಿಸಿಕೊಂಡು ಅಲ್ಲಿಗೇ ವಾಪಸ್ ತರಬೇಕಾದರೆ ನಡುವೆ ಒಂದಾದರೂ ವಿದೇಶಿ ಬಂದರನ್ನು ಮುಟ್ಟಲೇಬೇಕು. ಹಾಗಾಗಿ ಮೂರು ರಾತ್ರಿಯ ಬಹಾಮಾಸ್ ಟ್ರಿಪ್ಪಿನಲ್ಲೂ ನೀವು ದೇಶ ಬಿಟ್ಟು ಹೋಗಿ ಮರಳಿ ಪ್ರವೇಶಿಸುತ್ತೀರಿ.

ಪ್ರಜೆಗಳಿಗೆ ಇದು ಸುಲಭ. ಹೊರಟ ಬಂದರಿಗೇ ಮರಳುವ ಕ್ರೂಸ್ ಆದರೆ ಜನನ ಪ್ರಮಾಣಪತ್ರ ಮತ್ತು ಸರ್ಕಾರಿ ಫೋಟೋ ಐಡಿ ಸಾಕು. ಆದರೂ ಪಾಸ್‌ಪೋರ್ಟ್ ಒಯ್ಯುವುದೇ ಜಾಣತನ, ಏಕೆಂದರೆ ದಾರಿಯಲ್ಲಿ ಹಡಗು ತಪ್ಪಿದರೆ ಜನನ ಪತ್ರ ತೋರಿಸಿ ವಿಮಾನ ಹತ್ತಲಾಗುವುದಿಲ್ಲ. ಗ್ರೀನ್ ಕಾರ್ಡ್ ಇರುವವರು ಕಾರ್ಡಿನ ಜೊತೆ ಭಾರತದ ಪಾಸ್‌ಪೋರ್ಟನ್ನೂ ಇಟ್ಟುಕೊಳ್ಳಿ. ಗ್ರೀನ್ ಕಾರ್ಡಿಗೆ ಐ-485 ಅರ್ಜಿ ಹಾಕಿ ಕಾಯುತ್ತಿರುವವರು ಅಡ್ವಾನ್ಸ್ ಪೆರೋಲ್ (ಹೊರಗೆ ಹೋಗಿ ಮರಳಲು ಮುಂಗಡ ಅನುಮತಿ) ಇಲ್ಲದೆ ಹಡಗು ಹತ್ತಿದರೆ ಅರ್ಜಿಯನ್ನೇ ಕೈಬಿಟ್ಟಂತೆ ಲೆಕ್ಕ. ಎಚ್ ಅಥವಾ ಎಲ್ ಕೆಲಸದ ವೀಸಾದ ಸ್ಟೇಟಸ್ ಉಳಿಸಿಕೊಂಡು ಅದರ ಮೇಲೆಯೇ ಮರಳುವವರಿಗೆ ಇದರಿಂದ ವಿನಾಯಿತಿ ಇದೆ. ಎಫ್-1 ವಿದ್ಯಾರ್ಥಿಗಳ ಐ-20 (ಕಾಲೇಜು ಕೊಡುವ ಪತ್ರ) ಮೇಲಿನ ಪ್ರಯಾಣದ ಸಹಿ ಒಂದು ವರ್ಷದೊಳಗಿನದಾಗಿರಬೇಕು, ಒಪಿಟಿಯಲ್ಲಿದ್ದರೆ (ಓದಿಗೆ ಸಂಬಂಧಿಸಿದ ಕೆಲಸದ ಅವಧಿ) ಆರು ತಿಂಗಳು.

ನಿಜವಾದ ಗೊಂದಲ ಪಾಸ್‌ಪೋರ್ಟಿನಲ್ಲಿರುವ ಎಚ್-1ಬಿ ವೀಸಾ ಸ್ಟಾಂಪಿನ ಅವಧಿ ಮುಗಿದವರದು. ‘ಆಟೊಮ್ಯಾಟಿಕ್ ರೀವ್ಯಾಲಿಡೇಷನ್ ಇದೆಯಲ್ಲ, 30 ದಿನದೊಳಗೆ ಬಂದರೆ ಹಳೆಯ ಸ್ಟಾಂಪೇ ನಡೆಯುತ್ತೆ’ ಎಂದು ಯಾರಾದರೂ ಹೇಳಿರುತ್ತಾರೆ. ನಡೆಯುತ್ತದೆ, ಆದರೆ ಎಚ್-1ಬಿಗೆ ಅದು ಕೆನಡಾ ಮತ್ತು ಮೆಕ್ಸಿಕೊಗೆ ಮಾತ್ರ ಅನ್ವಯ. ಸುತ್ತಲಿನ ದ್ವೀಪಗಳಿಗೂ ಅದು ಅನ್ವಯಿಸುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ, ಅದರಲ್ಲೂ ಕ್ಯೂಬಾ ಬಿಟ್ಟು. ಅಂದರೆ ಹಡಗು ಮೆಕ್ಸಿಕೊದ ಕೋಜುಮೆಲ್ ಜೊತೆ ಗ್ರ್ಯಾಂಡ್ ಕೇಮನ್ ದ್ವೀಪವನ್ನೂ ಮುಟ್ಟಿದರೆ ಎಚ್-1ಬಿಯವರಿಗೆ ಆ ಬಾಗಿಲು ಮುಚ್ಚಿತು. ಬರೀ ಮೆಕ್ಸಿಕೊ ಎಂದರೂ ಒಂದು ಕೊಕ್ಕೆ ಇದೆ: ಭಾರತೀಯರಿಗೆ ಮೆಕ್ಸಿಕೊ ವೀಸಾ ಬೇಡ ಎನ್ನುವುದು ಅಮೆರಿಕದಂಥ ಕೆಲವು ದೇಶಗಳ ವೀಸಾ ಅಥವಾ ಗ್ರೀನ್ ಕಾರ್ಡಿನಂಥ ಕಾಯಂ ವಾಸದ ಪರವಾನಗಿ ಚಾಲ್ತಿಯಲ್ಲಿದ್ದಾಗ ಮಾತ್ರ. ಸ್ಟಾಂಪಿನ ಅವಧಿ ಮುಗಿದವರು ಗುಂಪಿನಲ್ಲಿದ್ದರೆ ಕ್ರೂಸನ್ನು ಮುಂದೂಡಿ. ಹತ್ತಿಸಿಕೊಳ್ಳದೆ ಟರ್ಮಿನಲ್‌ನಿಂದಲೇ ವಾಪಸ್ ಕಳಿಸಿದರೆ ಹಣ ಮರಳುವುದಿಲ್ಲ.

ಅಪ್ಪ-ಅಮ್ಮನನ್ನು ಕರೆದೊಯ್ಯುವವರು ಅವರ ಬಿ-2 ವೀಸಾ ಮಲ್ಟಿಪಲ್ ಎಂಟ್ರಿಯೇ, ಅಂದರೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಬಹುದೇ ಎಂದು ನೋಡಿಕೊಳ್ಳಿ. ಹಡಗಿನಿಂದ ಇಳಿದಾಗ ಮತ್ತೆ ಆರು ತಿಂಗಳು ಹೊಸದಾಗಿ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ವಾಪಸಾದ ಮೇಲೆ ವೀಸಾದಲ್ಲಿರುವ ಎಲ್ಲರೂ ಐ-94 (ಎಲ್ಲಿಯವರೆಗೆ ಇರಬಹುದು ಎಂಬ ಪ್ರವೇಶ ದಾಖಲೆ) ಅನ್ನು ಆನ್‌ಲೈನಿನಲ್ಲಿ ತೆಗೆದು ದಿನಾಂಕ ಓದಿಕೊಳ್ಳಿ.

ದ್ವೀಪಗಳ ವೀಸಾ ನಿಯಮ ಒಂದೊಂದು ಕಡೆ ಒಂದೊಂದು ಥರ. ಹಡಗಿನಲ್ಲಿ ಬಂದು ಸಂಜೆ ಹೋಗುವವರಿಗೆ ಒಂದು, ವಿಮಾನದಲ್ಲಿ ಬರುವವರಿಗೆ ಇನ್ನೊಂದು ಇರುವುದುಂಟು. ನಿಮ್ಮ ಪಾಸ್‌ಪೋರ್ಟ್ ಮತ್ತು ವೀಸಾದ ವಿವರ ಕೊಟ್ಟು, ಪ್ರತಿ ಬಂದರಿನ ಹೆಸರು ಬರೆದು ಕ್ರೂಸ್ ಕಂಪನಿಗೆ ಇಮೇಲ್ ಮಾಡಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಇದಕ್ಕೆ ಹವಾಮಾನದ ನಂಟೂ ಇದೆ. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ, ಆಗಸ್ಟ್‌ನಿಂದ ಅಕ್ಟೋಬರ್ ಅದರ ಬಿರುಸು. ಆಗ ದರ ಇಳಿದಿರುತ್ತದೆ, ಆದರೆ ಕ್ಯಾಪ್ಟನ್ ದಾರಿಯನ್ನೇ ಬದಲಿಸಬಹುದು. ಪೂರ್ವಕ್ಕೆ ಹೊರಟ ಹಡಗು ಪಶ್ಚಿಮದ ಬಂದರುಗಳಿಗೆ ಹೋದದ್ದಿದೆ. ಹಾಗೆ ಬಂದರು ಬದಲಾದರೆ ಪರಿಹಾರವಾಗಿ ಸಿಗುವುದು ಹೆಚ್ಚೆಂದರೆ ಆ ಬಂದರಿನ ತೆರಿಗೆ.

ದಾರಿ ಮೂರು ಬಗೆ. ಪಶ್ಚಿಮ ಎಂದರೆ ಕೋಜುಮೆಲ್, ಕೋಸ್ಟಾ ಮಾಯಾ, ರೊಆಟಾನ್, ಗ್ರ್ಯಾಂಡ್ ಕೇಮನ್, ಜಮೈಕಾ. ಪೂರ್ವ ಎಂದರೆ ಸೇಂಟ್ ಥಾಮಸ್, ಸಾನ್ ಹುವಾನ್, ಸೇಂಟ್ ಮಾರ್ಟನ್. ದಕ್ಷಿಣದಲ್ಲಿ ಅರುಬಾ, ಕ್ಯುರಸಾವ್, ಬಾರ್ಬಡೋಸ್. ಮೊದಲ ಸಲದವರಿಗೆ ನಾನು ಪೂರ್ವವನ್ನೇ ಹೇಳುತ್ತೇನೆ. ಸೇಂಟ್ ಥಾಮಸ್ ಮತ್ತು ಸಾನ್ ಹುವಾನ್ ಅಮೆರಿಕದ ನೆಲವೇ ಆದ್ದರಿಂದ ಅಲ್ಲಿ ವಿದೇಶಿ ವೀಸಾದ ತಲೆನೋವಿಲ್ಲ. ವಸಂತದಿಂದ ಶರತ್ಕಾಲದವರೆಗೆ ಸಾರ್ಗಸಮ್ ಎಂಬ ಕಂದು ಪಾಚಿ ಬಂದು ದಡ ಸೇರುತ್ತದೆ, ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. ಕೋಸ್ಟಾ ಮಾಯಾಕ್ಕೆ ಅದರ ಹೊಡೆತ ಜಾಸ್ತಿ. ಕೋಜುಮೆಲ್‌ನ ಪಶ್ಚಿಮ ದಂಡೆ ದ್ವೀಪದ ಮರೆಯಲ್ಲಿರುವುದರಿಂದ ಬಹುಪಾಲು ಶುಚಿಯಾಗಿರುತ್ತದೆ.

ಇನ್ನು ಕ್ಯಾಬಿನ್. ಅಲುಗಾಟ ಆಗದವರಿಗೆ ಕೆಳಗಿನ ಡೆಕ್ಕಿನ ನಡುಭಾಗ ಒಳ್ಳೆಯದು. ಹಡಗಿನ ಸ್ಟೆಬಿಲೈಸರ್‌ಗಳು ಅಕ್ಕಪಕ್ಕದ ವಾಲಾಟವನ್ನು ತಗ್ಗಿಸುತ್ತವೆ, ಮೂತಿ ಏಳುವ-ಇಳಿಯುವ ಅಲುಗಾಟವನ್ನಲ್ಲ. ಅದು ಹೆಚ್ಚು ತಟ್ಟುವುದು ಎರಡೂ ತುದಿಗಳ ಕ್ಯಾಬಿನ್‌ಗಳಿಗೆ. ಡೆಕ್ ಪ್ಲಾನ್ ತೆರೆದು ನಿಮ್ಮ ಕ್ಯಾಬಿನ್ನಿನ ಮೇಲೆ ಮತ್ತು ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದಿಗೆ ಎಚ್ಚರವಾಗುತ್ತದೆ. ಗೆಳೆಯರಿಗೆ ಒಂದು ಉಪಾಯ: ಪಕ್ಕಪಕ್ಕದ ಬಾಲ್ಕನಿ ಕ್ಯಾಬಿನ್ ತೆಗೆದುಕೊಂಡರೆ ಎಷ್ಟೋ ಹಡಗುಗಳಲ್ಲಿ ನಡುವಿನ ಅಡ್ಡಗೋಡೆಯನ್ನು ಸ್ಟೂವರ್ಡ್ ತೆರೆದುಕೊಡುತ್ತಾನೆ, ಎರಡು ಬಾಲ್ಕನಿ ಒಂದು ಜಗಲಿಯಾಗುತ್ತದೆ. ಒಳಗೆ ಬಾಗಿಲಿರುವ ಕನೆಕ್ಟಿಂಗ್ ಕ್ಯಾಬಿನ್ ಮಾತ್ರ ಜೋಡಿಗಳಿಗೆ ಬೇಡ, ಆ ಬಾಗಿಲಿನಿಂದ ಮಾತೆಲ್ಲ ಕೇಳಿಸುತ್ತದೆ.

ಪ್ರತಿ ಜೋಡಿ ತಮ್ಮ ತಮ್ಮ ಕಾರ್ಡಿನಲ್ಲಿ ಬುಕ್ ಮಾಡಿ, ನಂತರ ಎಲ್ಲರ ರಿಸರ್ವೇಷನ್ ನಂಬರುಗಳನ್ನು ಕಂಪನಿಗೆ ಕೊಟ್ಟು ಊಟಕ್ಕೆ ಲಿಂಕ್ ಮಾಡಿಸಿ. ಎಂಟು ಜನರ ಗುಂಪಿಗೆ ನಿಗದಿತ ಸಮಯದ ಊಟವೇ ಸರಿ. ಬೇಕಾದಾಗ ಬಂದು ತಿನ್ನುವ ಆಯ್ಕೆ ಕೇಳಲು ಚೆನ್ನ, ಆದರೆ ಎಂಟರ ಟೇಬಲ್ ಖಾಲಿಯಾಗುವವರೆಗೆ ಬಾಗಿಲಲ್ಲಿ ನಿಲ್ಲಬೇಕು. ಹಗಲು ಎಲ್ಲರೂ ಅವರವರ ಪಾಡಿಗೆ ಇದ್ದು ರಾತ್ರಿ ಊಟಕ್ಕೆ ಸೇರುವ ಗುಂಪುಗಳಲ್ಲಿ ಮುನಿಸು ಕಡಿಮೆ.

ಟಿಕೆಟ್ ದರದಲ್ಲಿ ಕಾಣದ ಖರ್ಚುಗಳಲ್ಲಿ ಮೊದಲನೆಯದು ಟಿಪ್ಸ್. ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ. 18 ಡಾಲರ್ ಎಂದಿಟ್ಟುಕೊಂಡರೂ ಜೋಡಿಗೆ ಏಳು ದಿನಕ್ಕೆ 252. ಎರಡನೆಯದು ಡ್ರಿಂಕ್ಸ್ ಪ್ಯಾಕೇಜ್. ದಿನಕ್ಕೆ 80 ಡಾಲರ್ ಮತ್ತು 18 ಶೇಕಡಾ ಸೇವಾಶುಲ್ಕ ಇರುವ ಪ್ಯಾಕೇಜ್ ಎನ್ನಿ: ಒಬ್ಬರಿಗೆ ದಿನಕ್ಕೆ 94.40, ಇಬ್ಬರಿಗೆ ಏಳು ದಿನಕ್ಕೆ 1,321 ಡಾಲರ್ ದಾಟಿತು. ಒಂದು ಕಾಕ್‌ಟೇಲ್ ಶುಲ್ಕ ಸೇರಿ 16.50 ಆದರೆ ದಿನಾ ಆರು ಕುಡಿದರೆ ಮಾತ್ರ ಗಿಟ್ಟುತ್ತದೆ, ದಡದಲ್ಲಿ ಕಳೆಯುವ ದಿನಗಳನ್ನೂ ಸೇರಿಸಿ. ಮೇಲಾಗಿ ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ಕೊಂಡರೆ ಇನ್ನೊಬ್ಬರೂ ಕೊಳ್ಳಲೇಬೇಕು ಎನ್ನುವ ನಿಯಮ ಹಲವು ಕಂಪನಿಗಳಲ್ಲಿದೆ. ಗಂಡ ಕುಡಿಯುತ್ತಾನೆ, ಹೆಂಡತಿ ಮುಟ್ಟುವುದಿಲ್ಲ ಎನ್ನುವ ಮನೆಗೆ ಇದು ಶುದ್ಧ ನಷ್ಟ. ನೀರು, ಟೀ, ಸಾದಾ ಕಾಫಿ ಹೇಗೂ ಪುಕ್ಕಟೆ. ಮೂರನೆಯದು ಇಂಟರ್ನೆಟ್. ಹಡಗು ಹೊರಟ ಕ್ಷಣವೇ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ವೈಫೈ ಮಾತ್ರ ಹಚ್ಚಿ. ಹಡಗಿನ ಸ್ಯಾಟಲೈಟ್ ಮೊಬೈಲ್ ನೆಟ್‌ವರ್ಕಿಗೆ ಫೋನ್ ತಾನಾಗಿ ಅಂಟಿಕೊಂಡರೆ ರೋಮಿಂಗ್ ಬಿಲ್ ಗಾಬರಿ ಹುಟ್ಟಿಸುತ್ತದೆ.

ಸಸ್ಯಾಹಾರಿಗಳಿಗೆ ಹಡಗಿನಲ್ಲಿ ಉಪವಾಸವಿಲ್ಲ. ಕಾರ್ನಿವಲ್ ಹಡಗುಗಳ ಮುಖ್ಯ ಊಟದ ಹಾಲ್‌ನಲ್ಲಿ ದಿನಾ ರಾತ್ರಿ ಒಂದು ಭಾರತೀಯ ಸಸ್ಯಾಹಾರಿ ತಟ್ಟೆ ಮೆನುವಿನಲ್ಲೇ ಇರುತ್ತದೆ. ಬೇರೆ ಕಡೆ ಮೊದಲ ರಾತ್ರಿಯೇ ಹೆಡ್ ವೇಟರ್‌ನನ್ನು ಕರೆದು ಹೇಳಿ. ಆತ ಮರುದಿನದ ಅಡುಗೆಯನ್ನು ಹಿಂದಿನ ರಾತ್ರಿಯೇ ಬರೆದುಕೊಂಡು ಮಾಡಿಸುತ್ತಾನೆ. ಬರುವುದು ದಾಲ್, ಪನೀರ್, ಛೋಲೆ, ಆಲೂ ಗೋಬಿ. ಸಾರು, ಹುಳಿಯ ನಿರೀಕ್ಷೆ ಬೇಡ. ಕೇಳಲೇಬೇಕಾದ ಪ್ರಶ್ನೆಗಳು ಮೂರು: ಸೂಪಿನ ನೀರು ಕೋಳಿಯದೇ, ಥಾಯ್ ಅಡುಗೆಯಲ್ಲಿ ಫಿಶ್ ಸಾಸ್ ಇದೆಯೇ, ಸಿಹಿಯಲ್ಲಿ ಜೆಲಟಿನ್ ಇದೆಯೇ. ಮೊಸರನ್ನ ಬೇಕೆನಿಸಿದರೆ ಬಫೆಯಲ್ಲಿ ಬಿಳಿ ಅನ್ನ, ಬೆಳಗಿನ ತಿಂಡಿಯ ಕಡೆ ಸಿಗುವ ಪ್ಲೇನ್ ಯೋಗರ್ಟ್, ಸ್ವಲ್ಪ ಹಾಲು, ಉಪ್ಪು ಕಲಸಿ. ಯೋಗರ್ಟಿನಲ್ಲೂ ಜೆಲಟಿನ್ ಇರಬಹುದು, ವಿಚಾರಿಸಿ. ಉಪ್ಪಿನಕಾಯಿ ಮತ್ತು ಚಟ್ನಿಪುಡಿ ನಿಮ್ಮ ಬ್ಯಾಗಿನಿಂದ ಬರಬೇಕು, ಅದೂ ಅಂಗಡಿಯ ಸೀಲ್ ಒಡೆಯದ ಪೊಟ್ಟಣ. ಮನೆಯಲ್ಲಿ ಮಾಡಿದ್ದನ್ನು ಹತ್ತಿಸಿಕೊಳ್ಳುವುದಿಲ್ಲ. ಬಿಸಿ ಮಾಡಿ ತಿನ್ನುವ ಬಿಸಿಬೇಳೆಭಾತ್ ಪೊಟ್ಟಣ ದಂಡ, ಏಕೆಂದರೆ ಕ್ಯಾಬಿನ್ನಿನಲ್ಲಿ ಮೈಕ್ರೊವೇವ್ ಇರುವುದಿಲ್ಲ, ಅಡುಗೆಮನೆಯವರು ಹೊರಗಿನದನ್ನು ಮುಟ್ಟುವುದಿಲ್ಲ. ಕುದಿನೀರು ಸುರಿದರೆ ಆಗುವ ಉಪ್ಪಿಟ್ಟು, ಅವಲಕ್ಕಿಯ ಕಪ್‌ಗಳು ಉಪಯೋಗಕ್ಕೆ ಬರುತ್ತವೆ.

ರೈಸ್ ಕುಕ್ಕರ್, ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್, ಮೇಣದಬತ್ತಿ, ಅಗರಬತ್ತಿ ಎಲ್ಲಕ್ಕೂ ನಿಷೇಧ. ಸ್ಕ್ಯಾನರಿನಲ್ಲಿ ಕಂಡರೆ ಸೂಟ್‌ಕೇಸೇ ತಡವಾಗುತ್ತದೆ. ಪ್ಲಗ್ಗುಗಳು ಕಡಿಮೆ, ನಾಲ್ಕು ಬಾಯಿಯ ಸಾದಾ ಯುಎಸ್‌ಬಿ ಚಾರ್ಜರ್ ಸಾಕು. ಗೋಡೆಗಳು ಲೋಹದವಾದ್ದರಿಂದ ಅಯಸ್ಕಾಂತದ ಕೊಕ್ಕೆ ಒಯ್ದರೆ ಒದ್ದೆ ಬಟ್ಟೆಗೆ ಜಾಗವಾಯಿತು. ಫಾರ್ಮಲ್ ನೈಟ್‌ಗೆ ಗೌನು ಕೊಳ್ಳುವ ಖರ್ಚು ಬೇಡ, ರೇಷ್ಮೆ ಸೀರೆ ಧಾರಾಳವಾಗಿ ನಡೆಯುತ್ತದೆ.

ವಿಮಾನದಲ್ಲಿ ಬರುವವರು ಹಿಂದಿನ ದಿನವೇ ಬಂದು ತಂಗಿ. ಫೋರ್ಟ್ ಲಾಡರ್‌ಡೇಲ್ ಏರ್‌ಪೋರ್ಟಿನಿಂದ ಪೋರ್ಟ್ ಎವರ್‌ಗ್ಲೇಡ್ಸ್ ಹತ್ತು-ಹದಿನೈದು ನಿಮಿಷ. ಒರ್ಲಾಂಡೊದಿಂದ ಪೋರ್ಟ್ ಕೆನವೆರಲ್‌ಗೆ ಒಂದು ಗಂಟೆ ಇಟ್ಟುಕೊಳ್ಳಿ. ದೊಡ್ಡ ಬ್ಯಾಗ್ ಕ್ಯಾಬಿನ್ ಸೇರುವಾಗ ಸಂಜೆಯಾಗಿರುತ್ತದೆ, ಆದ್ದರಿಂದ ಪಾಸ್‌ಪೋರ್ಟ್, ಔಷಧಿ, ಈಜುಡುಗೆ ಕೈಚೀಲದಲ್ಲಿರಲಿ. ಹೊರಡುವ ಮುಂಚೆ ಮಸ್ಟರ್ ಡ್ರಿಲ್ (ಅಪಾಯದ ಹೊತ್ತಿನ ತಾಲೀಮು) ಕಡ್ಡಾಯ. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಎಂದರೆ ಅಪಾಯದ ಕರೆ.

ಹಡಗು ತಪ್ಪಿಸಿಕೊಳ್ಳುವವರಲ್ಲಿ ಸೋಮಾರಿಗಳಿಗಿಂತ ಫೋನ್ ನಂಬಿದವರೇ ಜಾಸ್ತಿ ಎಂದು ನನ್ನ ಅನುಮಾನ. ಕೋಜುಮೆಲ್ ಇರುವ ಕಿಂಟಾನಾ ರೂ ರಾಜ್ಯ ವರ್ಷವಿಡೀ ಒಂದೇ ಸಮಯ ಪಾಲಿಸುತ್ತದೆ, ಅಲ್ಲಿ ಬೇಸಿಗೆ ಸಮಯ ಎಂಬುದಿಲ್ಲ. ಜುಲೈಯಲ್ಲಿ ಮಯಾಮಿಯಿಂದ ಬಂದ ಹಡಗು ಮಯಾಮಿ ಸಮಯದಲ್ಲೇ ಉಳಿದಿದ್ದರೆ ದಡಕ್ಕೂ ಹಡಗಿಗೂ ಒಂದು ಗಂಟೆ ವ್ಯತ್ಯಾಸ. ಹಡಗು ಬಿಡುವುದು 5:00ಕ್ಕೆ, ಹತ್ತಲು ಗಡುವು 4:30 ಎಂದಿಟ್ಟುಕೊಳ್ಳಿ. ಆಗ ದಡದಲ್ಲಿರುವ ನಿಮ್ಮ ಫೋನು 3:30 ತೋರಿಸುತ್ತದೆ. ಇನ್ನೂ ಒಂದು ಗಂಟೆ ಇದೆಯಲ್ಲ ಎಂದು ಕೂತವರು ಬಂದರಿಗೆ ಬರುವಾಗ ಹಡಗು ಸಮುದ್ರದಲ್ಲಿರುತ್ತದೆ. ಚಳಿಗಾಲದಲ್ಲಿ ಸೇಂಟ್ ಥಾಮಸ್‌ನಲ್ಲಿ ಇದೇ ತಿರುಗುಮುರುಗು: ದ್ವೀಪ ಒಂದು ಗಂಟೆ ಮುಂದೆ, ತಪ್ಪಿದರೂ ನಷ್ಟ ಒಂದು ಗಂಟೆಯ ಬೀಚ್ ಅಷ್ಟೇ. ಮುಳ್ಳಿನ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟು ಕಟ್ಟಿಕೊಳ್ಳಿ, ಫೋನಿನಲ್ಲಿ ತಾನಾಗಿ ಸಮಯ ಬದಲಿಸುವುದನ್ನು ನಿಲ್ಲಿಸಿ. ಕೆಲವು ಕಂಪನಿಗಳು ಹಡಗಿನ ಗಡಿಯಾರವನ್ನೇ ಬದಲಿಸುತ್ತವೆ, ಅದು ಆ ದಿನದ ಕಾರ್ಯಕ್ರಮದ ಹಾಳೆಯಲ್ಲೋ ಆ್ಯಪಿನಲ್ಲೋ ಇರುತ್ತದೆ.

ಹಡಗಿನವರೇ ಮಾರುವ ಟೂರ್ ತಡವಾದರೆ ಹಡಗು ಕಾಯುತ್ತದೆ, ಅಥವಾ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ಹೊರಗಿನ ಟೂರಿಗೆ ಆ ಭರವಸೆಯಿಲ್ಲ, ಆದರೆ ಎಂಟು ಜನರಿಗೆ ಒಂದು ವ್ಯಾನ್ ಹಂಚಿಕೊಂಡರೆ ಅಗ್ಗ. ಹತ್ತಿರದ ಜಾಗಕ್ಕೆ ಸ್ವಂತ ವ್ಯಾನ್, ದೂರಕ್ಕೆ ಹಡಗಿನ ಟೂರ್. ಕೋಜುಮೆಲ್‌ನಿಂದ ತುಲುಮ್‌ಗೆ ಹೋಗಬೇಕೆಂದರೆ ಪ್ಲಾಯಾ ಡೆಲ್ ಕಾರ್ಮೆನ್‌ಗೆ ಮುಕ್ಕಾಲು ಗಂಟೆಯ ಫೆರಿ, ಆಮೇಲೆ ಗಂಟೆಯ ರಸ್ತೆ, ಮತ್ತೆ ಅಷ್ಟೇ ವಾಪಸ್. ಅದರ ಬದಲು ದ್ವೀಪದಲ್ಲೇ ಇರುವ ಸಾನ್ ಹೆರ್ವಾಸಿಯೊ ನೋಡಿ. ಇಶ್ಚೆಲ್ ದೇವತೆಯ ಮಾಯಾ ಕ್ಷೇತ್ರವದು. ಸೇಂಟ್ ಥಾಮಸ್‌ನಲ್ಲಿ ರೆಡ್ ಹುಕ್‌ನಿಂದ 20 ನಿಮಿಷದ ಫೆರಿಯಲ್ಲಿ ಸೇಂಟ್ ಜಾನ್‌ಗೆ ಹೋದರೆ ಟ್ರಂಕ್ ಬೇಯಲ್ಲಿ ನೀರಿನಡಿ ಫಲಕಗಳಿರುವ ಸ್ನಾರ್ಕೆಲ್ ದಾರಿ ಇದೆ. ಆ ದ್ವೀಪಗಳಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, ಆಕ್ಟೊಕ್ರಿಲೀನ್ ಇರುವ ಸನ್‌ಸ್ಕ್ರೀನ್ 2020ರಿಂದ ನಿಷಿದ್ಧ. ಜಿಂಕ್ ಆಕ್ಸೈಡ್‌ನದು ತನ್ನಿ. ಜಮೈಕಾ, ಬಾರ್ಬಡೋಸ್‌ಗಳಲ್ಲಿ ಸೇನೆಯ ಮಾದರಿಯ ಮಚ್ಚೆ ಬಟ್ಟೆ ಮಕ್ಕಳೂ ಹಾಕುವಂತಿಲ್ಲ. ಗ್ರ್ಯಾಂಡ್ ಕೇಮನ್‌ನಲ್ಲಿ ಹಡಗು ದೂರ ನಿಂತು ಚಿಕ್ಕ ದೋಣಿಗಳಲ್ಲಿ ಇಳಿಸುತ್ತಾರೆ, ಗಾಳಿ ಎದ್ದರೆ ಆ ದಿನ ರದ್ದು. ಅಲ್ಲಿ ಸ್ಟಿಂಗ್‌ರೇ ಎಂಬ ಚಪ್ಪಟೆ ಮೀನುಗಳಿರುವ ಸ್ಟಿಂಗ್‌ರೇ ಸಿಟಿಯಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಡೆಯುವಾಗ ಪಾದ ಎತ್ತದೆ ಮರಳಿನಲ್ಲಿ ಉಜ್ಜುತ್ತ ಸಾಗಿ, ಆಗ ಮೀನು ತಾನೇ ಸರಿಯುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ.

ವಾಂತಿ ಬರುವವರು ಮೆಕ್ಲಿಜಿನ್ ಮಾತ್ರೆಯನ್ನು ಅಲೆ ಏಳುವ ಮುಂಚೆ ತೆಗೆದುಕೊಳ್ಳಬೇಕು, ತಲೆ ತಿರುಗಿದ ಮೇಲೆ ಪ್ರಯೋಜನ ಕಡಿಮೆ. ಬೇರೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ. ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲದು, ಬಫೆಗೆ ಹೋಗುವ ಮುನ್ನ ಸೋಪು ಹಚ್ಚಿ ಕೈ ತೊಳೆಯಿರಿ. ಅಪ್ಪ-ಅಮ್ಮ ಜೊತೆಗಿದ್ದರೆ ಏರ್‌ಲಿಫ್ಟ್ (ರೋಗಿಯನ್ನು ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ) ವೆಚ್ಚ ಸೇರಿದ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು.

ಕೊನೆಯ ರಾತ್ರಿ ಬ್ಯಾಗುಗಳನ್ನು ಟ್ಯಾಗ್ ಹಾಕಿ ಬಾಗಿಲ ಹೊರಗಿಡಬೇಕು. ಮರುದಿನ ಉಡುವ ಬಟ್ಟೆ, ಚಪ್ಪಲಿ, ಪಾಸ್‌ಪೋರ್ಟನ್ನು ಅದರೊಳಗೆ ಹಾಕಿಬಿಡಬೇಡಿ. ನಿಮ್ಮ ಬ್ಯಾಗ್ ನೀವೇ ಎಳೆದು ಇಳಿಯುವುದಾದರೆ ಬೇಗ ಹೊರಬೀಳಬಹುದು. ಬಿಲ್ಲಿನಲ್ಲಿ ತಪ್ಪಿದ್ದರೆ ಹಿಂದಿನ ಸಂಜೆಯೇ ಗೆಸ್ಟ್ ಸರ್ವಿಸಸ್‌ಗೆ ಹೋಗಿ. ಬೆಳಗ್ಗೆ ಅಲ್ಲಿ ದೊಡ್ಡ ಸಾಲು. ಬಫೆಯ ಬಾಳೆಹಣ್ಣು, ಸೇಬನ್ನು ಚೀಲದಲ್ಲಿ ಉಳಿಸಿಕೊಂಡು ಇಳಿದರೆ ಕಸ್ಟಮ್ಸ್‌ನವರು ದಂಡ ಹಾಕಬಹುದು. ವಾಪಸ್ ವಿಮಾನವನ್ನು ಮಧ್ಯಾಹ್ನ 12ರ ನಂತರಕ್ಕೆ ಇಟ್ಟುಕೊಳ್ಳಿ, ಒರ್ಲಾಂಡೊದಿಂದಾದರೆ 1ರ ನಂತರ.