ನದಿಯಿಲ್ಲದ ನಗರದಲ್ಲಿ ಒಂದು ಏಪ್ರಿಲ್ ದಿನ

ಮೆಕ್ಸಿಕೋದ ಯುಕಟಾನ್ ಪರ್ಯಾಯ ದ್ವೀಪಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಕ್ಯಾನ್‌ಕೂನ್‌ನಲ್ಲಿ ಇಳಿದು, ದೊಡ್ಡ ಬಸ್ಸೊಂದರಲ್ಲಿ ಚಿಚೆನ್ ಇಟ್ಜಾಕ್ಕೆ ಹೋಗಿ, ಪಿರಮಿಡ್ಡಿನ ಮುಂದೆ ಫೋಟೋ ತೆಗೆಸಿಕೊಂಡು ಸಂಜೆಯೊಳಗೆ ಕಡಲ ದಂಡೆಗೆ ಹಿಂದಿರುಗುತ್ತಾರೆ. ಕೆಲವು ವರ್ಷಗಳ ಹಿಂದೆ ನಾವೂ ಹಾಗೆಯೇ ಮಾಡಿದ್ದೆವು. ಬಿಸಿಲು ಮತ್ತು ಟೋಪಿ ಮಾರುವವರ ಕೂಗು ಬಿಟ್ಟರೆ ಆ ದಿನದ ಬೇರೇನೂ ನೆನಪಿನಲ್ಲಿ ಉಳಿದಿಲ್ಲ. ಆದ್ದರಿಂದ ಈ ಸಲ ಡಲ್ಲಾಸ್‌ನಿಂದ ಹೊರಡುವಾಗಲೇ, ಮೆರಿಡಾ ನಗರದಲ್ಲಿ ತಂಗಿ, ಅಲ್ಲಿಂದ ದಕ್ಷಿಣಕ್ಕಿರುವ ಉಶ್ಮಾಲ್ ಮತ್ತು ಕಬಾ ಎಂಬ, ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಎರಡು ಹಳೆಯ ನಗರಗಳ ಅವಶೇಷಗಳನ್ನು ಸಣ್ಣ ಗುಂಪಿನೊಡನೆ ನೋಡುವುದೆಂದು ನಾನೂ ನನ್ನ ಹೆಂಡತಿಯೂ ನಿಶ್ಚಯಿಸಿದ್ದೆವು.

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಂದ ವ್ಯಾನಿನಲ್ಲಿ ನಮ್ಮಿಬ್ಬರನ್ನೂ ಸೇರಿಸಿ ಏಳೇ ಜನ ಪ್ರವಾಸಿಗರಿದ್ದರು. ಮಾರ್ಗದರ್ಶಕರು ಐವತ್ತು ದಾಟಿದವರು; ಮನೆಮಾತು ಮಾಯಾ, ಶಾಲೆಯಲ್ಲಿ ಕಲಿತದ್ದು ಸ್ಪ್ಯಾನಿಷ್, ಹೊಟ್ಟೆಪಾಡಿಗೆ ಇಂಗ್ಲಿಷ್. ಮಾಯಾ ಜನ ಎಲ್ಲಿಗೋ ಕಣ್ಮರೆಯಾದರು ಎಂಬ ಮಾತನ್ನು ಯಾರಾದರೂ ಎತ್ತುವ ಮೊದಲೇ ಅವರು ಅದನ್ನು ಇತ್ಯರ್ಥ ಮಾಡಿಬಿಟ್ಟರು. ಯುಕಟಾನಿನ ಮಾಯಾ ಭಾಷೆಯನ್ನು ಇಂದಿಗೂ ಏಳೆಂಟು ಲಕ್ಷ ಜನ ಆಡುತ್ತಾರೆ, ತಮ್ಮ ತಂದೆಗೆ ಇವತ್ತಿಗೂ ಸ್ಪ್ಯಾನಿಷ್ ಸಲೀಸಾಗಿ ಬರುವುದಿಲ್ಲ ಎಂದರು. ಕ್ಷೇಮ ವಿಚಾರಿಸುವಾಗ ಆ ಭಾಷೆಯಲ್ಲಿ ‘ಬಿಶ್ ಆ ಬೇಲ್’ ಎನ್ನುತ್ತಾರಂತೆ, ‘ನಿನ್ನ ದಾರಿ ಹೇಗಿದೆ’ ಎಂದು ಅದರ ಅರ್ಥ. ನಮ್ಮಿಂದ ಅದನ್ನು ಮೂರು ಬಾರಿ ಹೇಳಿಸಿ, ನಾಲ್ಕನೆಯ ಬಾರಿಗೆ ಕೈಬಿಟ್ಟರು.

ಮೆರಿಡಾದಿಂದ ಉಶ್ಮಾಲ್‌ಗೆ ಸುಮಾರು 80 ಕಿಲೋಮೀಟರ್ ರಸ್ತೆ. ದಾರಿಯುದ್ದಕ್ಕೂ ನೆಲ ರೊಟ್ಟಿಯ ಹಂಚಿನಂತೆ ಸಮತಟ್ಟು. ಅಲ್ಲಲ್ಲಿ ಹಳೆಯ ಕತ್ತಾಳೆ ತೋಟಗಳ ಪಾಳುಬಿದ್ದ ಬಂಗಲೆಗಳು ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ಜಮೀನ್ದಾರರು ಹಗ್ಗದ ನಾರನ್ನು ಜಗತ್ತಿಗೆಲ್ಲ ಮಾರಿ ಮೆರಿಡಾದಲ್ಲಿ ಅರಮನೆಗಳನ್ನು ಕಟ್ಟಿಸಿದರು, ನಾರು ಸೀಳಿದವರು ಮಾಯಾ ಕೂಲಿಗಳು. ಮೂನಾ ಎಂಬ ಊರು ದಾಟಿದ ಮೇಲೆ ಮೊದಲ ಬಾರಿಗೆ ರಸ್ತೆ ಏರತೊಡಗುತ್ತದೆ. ಈ ಗುಡ್ಡಸಾಲಿಗೆ ಪೂಕ್ ಎಂದು ಹೆಸರು, ಆ ಮಾತಿನ ಅರ್ಥವೂ ಗುಡ್ಡವೇ. ಏರಿನ ಮೇಲಿಂದ ನೋಡಿದಾಗ ಕುರುಚಲು ಕಾಡಿನ ನಡುವೆ ನಾಲ್ಕೈದು ಕಡೆ ಹೊಗೆ ಎದ್ದಿತ್ತು. ಮುಂಗಾರಿಗೆ ಮುಂಚೆ ಕಾಡು ಕಡಿದು ಒಣಗಿಸಿ ಸುಟ್ಟು, ಆ ಬೂದಿಯಲ್ಲಿ ಜೋಳ, ಕುಂಬಳ ಮತ್ತು ಅವರೆಕಾಳಿನಂಥ ಕಾಳುಗಳನ್ನು ಒಟ್ಟಿಗೆ ಬಿತ್ತುವ ‘ಮಿಲ್ಪಾ’ ಬೇಸಾಯಕ್ಕೆ ಹೊಲ ಸಿದ್ಧವಾಗುತ್ತಿದೆ ಎಂದು ಮಾರ್ಗದರ್ಶಕರು ವಿವರಿಸಿದರು. ಇಲ್ಲಿ ಜೋಳವೆಂದರೆ ಮುಸುಕಿನ ಜೋಳ ಎಂದು ಬೇರೆ ಹೇಳಬೇಕಾಗಿಲ್ಲ; ಅದು ಜಗತ್ತಿಗೆ ಬಂದದ್ದೇ ಮೆಕ್ಸಿಕೋದ ಕಡೆಯಿಂದ.

ಉಶ್ಮಾಲ್‌ನ ಬಾಗಿಲಿನಲ್ಲಿ ಕೇಂದ್ರ ಸರ್ಕಾರಕ್ಕೊಂದು, ರಾಜ್ಯ ಸರ್ಕಾರಕ್ಕೊಂದು ಎಂದು ಎರಡು ಬೇರೆ ಬೇರೆ ಟಿಕೆಟ್ ಕೊಳ್ಳಬೇಕು. ಒಳಗೆ ಕಾಲಿಟ್ಟು ಸ್ವಲ್ಪ ದೂರ ನಡೆದೊಡನೆ ‘ಮಾಂತ್ರಿಕನ ಪಿರಮಿಡ್’ ಎದುರಾಗುತ್ತದೆ. ಸುಮಾರು 35 ಮೀಟರ್ ಎತ್ತರದ ಈ ಕಟ್ಟಡಕ್ಕೆ ಚೂಪು ಮೂಲೆಗಳಿಲ್ಲ. ಅದರ ಅಡಿಪಾಯ ಅಂಡಾಕಾರದಲ್ಲಿದೆ. ಮೊಟ್ಟೆಯೊಡೆದು ಹುಟ್ಟಿದ ಕುಳ್ಳನೊಬ್ಬ ಒಂದೇ ರಾತ್ರಿಯಲ್ಲಿ ಇದನ್ನು ಕಟ್ಟಿ ರಾಜನಾದನೆಂದು ಸ್ಥಳದ ಕಥೆ ಹೇಳಿದರೆ, ಹಳೆಯ ಕಟ್ಟಡದ ಮೇಲೆ ಹೊಸದನ್ನು ಹೊದಿಸುತ್ತಾ ಐದು ಹಂತಗಳಲ್ಲಿ ಇದು ಬೆಳೆಯಿತೆಂದು ಪುರಾತತ್ತ್ವಜ್ಞರು ಹೇಳುತ್ತಾರೆ. ಹತ್ತಲು ಬಿಡುವುದಿಲ್ಲ, ಬಿಡದಿರುವುದೇ ಒಳ್ಳೆಯದು.

ಬಸ್ಸಿನ ಗುಂಪುಗಳು ಪಿರಮಿಡ್ಡಿನ ಸುತ್ತ ನೆರೆಯುತ್ತಿದ್ದಾಗ ನಮ್ಮ ಮಾರ್ಗದರ್ಶಕರು ನಮ್ಮನ್ನು ಮರದ ನೆರಳಿನಲ್ಲಿದ್ದ ನೆಲಮಟ್ಟದ ಒಂದು ತೂತಿನ ಬಳಿಗೆ ಕರೆದೊಯ್ದರು. ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ಬಾಯಿ, ಅದರ ಸುತ್ತ ಬಾಯಿಯ ಕಡೆಗೇ ಇಳಿಜಾರಾಗಿ ಹಾಸಿದ ಕಲ್ಲು. ಇದು ‘ಚುಲ್ತುನ್’, ಮಳೆನೀರು ಹಿಡಿದಿಡುವ ನೆಲದೊಳಗಿನ ತೊಟ್ಟಿ. ಸೀಸೆಯ ಆಕಾರದಲ್ಲಿ ಸುಣ್ಣಕಲ್ಲನ್ನು ಕೊರೆದು, ಒಳಗೋಡೆಗೆ ಗಾರೆ ಬಳಿದು, ಹಲವು ಸಾವಿರ ಲೀಟರ್ ನೀರು ನಿಲ್ಲುವಂತೆ ಮಾಡಿದ್ದಾರೆ. ಅವರು ತಮ್ಮ ಬಾಟಲಿಯಿಂದ ಒಂದು ಗುಟುಕಿನಷ್ಟು ನೀರನ್ನು ಆ ಹಾಸುಗಲ್ಲಿನ ಅಂಚಿನಲ್ಲಿ ಸುರಿದರು. ಕಾದ ಕಲ್ಲಿನ ಮೇಲೆ ನೀರು ಮೊದಲು ಹರಡಿತು, ಆಮೇಲೆ ದಾರಿ ನೆನಪಾದಂತೆ ಒಂದು ಎಳೆಯಾಗಿ ಕೂಡಿಕೊಂಡು ಬಾಯಿಯ ಕಡೆಗೆ ಹೊರಟಿತು. ಅರ್ಧ ಆರಿ, ಉಳಿದರ್ಧ ಒಳಗೆ ಜಾರಿತು. ಸಾವಿರ ವರ್ಷಗಳ ಹಿಂದಿನ ಮೇಸ್ತ್ರಿಯ ವಾಟ ಇನ್ನೂ ಕೆಡದಿದ್ದುದನ್ನು ಕಂಡು, ಜೊತೆಯಲ್ಲಿದ್ದ ಜರ್ಮನಿಯ ನಿವೃತ್ತ ಎಂಜಿನಿಯರರು ಮಂಡಿಯೂರಿ ಕುಳಿತೇಬಿಟ್ಟರು. ದೊಡ್ಡ ಗುಂಪಿನಲ್ಲಿ ನಲವತ್ತು ಜನರನ್ನು ಈ ತೂತಿನ ಸುತ್ತ ನಿಲ್ಲಿಸುವುದು ಸಾಧ್ಯವೇ ಇರಲಿಲ್ಲ.

ಉಶ್ಮಾಲ್ ನಗರದ ಗುಟ್ಟು ಇರುವುದು ಈ ತೂತಿನಲ್ಲಿ ಎಂದು ನನಗೆ ಅನಿಸುತ್ತದೆ. ಯುಕಟಾನಿನ ನೆಲ ಸುಣ್ಣಕಲ್ಲಿನದು. ಬಿದ್ದ ಮಳೆ ನೇರವಾಗಿ ಕೆಳಗಿಳಿಯುವುದರಿಂದ ಈ ಭಾಗದಲ್ಲಿ ನೆಲದ ಮೇಲೆ ನದಿಯೆಂಬುದಿಲ್ಲ. ಉತ್ತರದ ಬಯಲಿನಲ್ಲಿ ಸುಣ್ಣಕಲ್ಲಿನ ಚಾವಣಿ ಕುಸಿದು ‘ಸೆನೋಟೆ’ಗಳೆಂಬ ನೈಸರ್ಗಿಕ ಬಾವಿಗಳಾಗಿವೆ, ಚಿಚೆನ್ ಇಟ್ಜಾ ಬದುಕಿದ್ದು ಅವುಗಳ ನೀರಿನಿಂದ. ಪೂಕ್ ಗುಡ್ಡಗಳಲ್ಲಾದರೋ ಅಂತರ್ಜಲ ಕೈಗೆಟುಕದಷ್ಟು ಆಳ. ವರ್ಷಕ್ಕೆ 1,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ನಿಜ. ಆದರೆ ಅದರ ಬಹುಪಾಲು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸುರಿದುಹೋಗುತ್ತದೆ. ಉಳಿದ ಆರು ತಿಂಗಳು ಒಂದಿಡೀ ನಗರ ಹಿಡಿದಿಟ್ಟ ನೀರನ್ನೇ ಕುಡಿದು ಬದುಕಬೇಕಿತ್ತು.

ಇದು ಮನಸ್ಸಿನಲ್ಲಿ ಕೂತ ಮೇಲೆ ಗೋಡೆಗಳ ಮೇಲಿನ ಮುಖಗಳು ಬೇರೆಯಾಗಿಯೇ ಕಾಣುತ್ತವೆ. ಪೂಕ್ ಶೈಲಿಯ ಕಟ್ಟಡಗಳಲ್ಲಿ ಗೋಡೆಯ ಕೆಳಭಾಗ ನುಣುಪಾಗಿ ಖಾಲಿಯಿದ್ದು, ಮೇಲಿನ ಅರ್ಧದಲ್ಲಿ ಬಿಡಿಬಿಡಿ ಕೆತ್ತಿದ ಕಲ್ಲುಗಳನ್ನು ಜೋಡಿಸಿದ ಅಲಂಕಾರ ತುಂಬಿಕೊಂಡಿರುತ್ತದೆ. ಸುಮಾರು ನೂರು ಮೀಟರ್ ಉದ್ದದ ‘ರಾಜ್ಯಪಾಲರ ಅರಮನೆ’ಯ ಮೇಲ್ಪಟ್ಟಿಯೊಂದಕ್ಕೇ ಇಂಥ 20,000ದಷ್ಟು ಕಲ್ಲುಗಳು ಹಿಡಿದಿವೆ. ಅವುಗಳ ನಡುವಿನಿಂದ, ಆನೆಯ ಸೊಂಡಿಲಿನಂತೆ ಸುರುಳಿ ಸುತ್ತಿದ ಮೂಗುಳ್ಳ ಮುಖಗಳು ಮತ್ತೆ ಮತ್ತೆ ಹೊರಚಾಚುತ್ತವೆ. ಇವು ಮಳೆದೇವರಾದ ಚಾಕನ ಮುಖಗಳೆಂಬುದು ರೂಢಿಯ ಮಾತು. ಇವುಗಳಲ್ಲಿ ಹಲವು ಜೀವಂತ ಬೆಟ್ಟದ ಮುಖಗಳೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಮಾರ್ಗದರ್ಶಕರು ಎರಡನ್ನೂ ಹೇಳಿ, ‘ಬೆಟ್ಟದ ಮೇಲೆಯೇ ಅಲ್ಲವೇ ಮೋಡ ಕೂರುವುದು’ ಎಂದು ನಕ್ಕರು.

ಪಕ್ಕದ ‘ಆಮೆಗಳ ಮನೆ’ ಗಾತ್ರದಲ್ಲಿ ಸಣ್ಣದು, ಅಲಂಕಾರದಲ್ಲೂ ಸರಳ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಸೂರಿನ ಪಟ್ಟಿಯ ಮೇಲೆ ಸಾಲಾಗಿ ಪುಟ್ಟ ಕಲ್ಲಿನ ಆಮೆಗಳು ಕುಳಿತಿವೆ, ಒಂದರ ಚಿಪ್ಪಿನ ಗೆರೆಯಂತೆ ಇನ್ನೊಂದರದಿಲ್ಲ. ಬರಗಾಲದಲ್ಲಿ ಆಮೆಗಳು ಅತ್ತರೆ ಮಳೆ ಬರುತ್ತದೆಂಬ ನಂಬಿಕೆಯಿತ್ತಂತೆ. ಹಳ್ಳಿಗಳಲ್ಲಿ ಈಗಲೂ ಮಳೆ ತಡವಾದರೆ ‘ಚಾ ಚಾಕ್’ ಎಂಬ ಪೂಜೆ ಮಾಡುತ್ತಾರೆ, ಬಲಿಪೀಠದ ಕಾಲುಗಳ ಬಳಿ ಹುಡುಗರನ್ನು ಕೂರಿಸಿ ಕಪ್ಪೆಗಳಂತೆ ವಟಗುಟ್ಟಿಸುತ್ತಾರೆ ಎಂದು ಅವರು ಹೇಳಿದಾಗ ನನ್ನಿಂದ ಸುಮ್ಮನಿರಲಾಗಲಿಲ್ಲ. ನಮ್ಮ ಧಾರವಾಡದ ಕಡೆ ಹಂಚಿನ ಮೇಲೆ ಗುರ್ಜಿಯನ್ನು ಕೂರಿಸಿ, ತಲೆಯ ಮೇಲೆ ಹೊತ್ತು, ಮನೆಮನೆಯ ಮುಂದೆ ನೀರು ಸುರಿಸಿಕೊಳ್ಳುವುದನ್ನೂ, ಕಪ್ಪೆಗಳಿಗೆ ಮದುವೆ ಮಾಡುವುದನ್ನೂ ಹೇಳಿದೆ. ಕಪ್ಪೆ ಮದುವೆಯಲ್ಲಿ ಊಟ ಹಾಕುತ್ತೀರಾ ಎಂದು ಅವರು ಗಂಭೀರವಾಗಿಯೇ ಕೇಳಿದರು.

ಮಳೆಯ ವಿಷಯದಲ್ಲಿ ಉಶ್ಮಾಲ್‌ಗೆ ಸ್ವಂತದ್ದೊಂದು ಪವಾಡವೂ ಇದೆ. 1975ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್ ಇಲ್ಲಿನ ಧ್ವನಿ-ಬೆಳಕಿನ ಪ್ರದರ್ಶನವನ್ನು ಉದ್ಘಾಟಿಸಲು ಬಂದಿದ್ದಾಗ, ಧ್ವನಿವರ್ಧಕದಲ್ಲಿ ಚಾಕನ ಪ್ರಾರ್ಥನೆ ಕೇಳಿಬಂದ ಹೊತ್ತಿಗೆ, ಅದೂ ಮಳೆಯಿಲ್ಲದ ಒಣ ಕಾಲದಲ್ಲಿ, ಧಾರಾಕಾರ ಮಳೆ ಸುರಿಯಿತು. ಆದರೆ ಪ್ರಾರ್ಥನೆ ಯಾವಾಗಲೂ ಫಲಿಸಿರಲಿಲ್ಲ. ಚಿಚಂಕನಾಬ್ ಎಂಬ ಸರೋವರದ ತಳದ ಮಣ್ಣಿನಲ್ಲಿ, ನೀರು ಬತ್ತಿದಾಗ ಕೂತ ಜಿಪ್ಸಮ್ ಪದರಗಳು, ಕ್ರಿ.ಶ. 800ರಿಂದ 1000ದ ನಡುವೆ ಈ ಪ್ರದೇಶವನ್ನು ಮತ್ತೆ ಮತ್ತೆ ಬರಗಾಲ ಕಾಡಿತ್ತೆಂದು ತೋರಿಸುತ್ತವೆ. ಉಶ್ಮಾಲ್ ತನ್ನ ಅತ್ಯಂತ ಭವ್ಯ ಕಟ್ಟಡಗಳನ್ನು ಕಟ್ಟಿಕೊಂಡದ್ದೂ, ಮುಂದೆ ಹೆಚ್ಚು ಕಾಲ ಕಳೆಯುವ ಮೊದಲೇ ಬರಿದಾದದ್ದೂ ಅದೇ ಕಾಲಮಾನದಲ್ಲಿ.

ಇನ್ನೊಂದು ಸಂಗತಿ ಸಣ್ಣದು, ಆದರೆ ನನ್ನನ್ನು ಬೆರಗುಗೊಳಿಸಿತು. ಈ ಕಟ್ಟಡಗಳ ಬಾಗಿಲುಗಳ ಮೇಲೆ ಮರದ ಅಡ್ಡತೊಲೆಗಳನ್ನು ಕೂರಿಸಿದ್ದರು; ತೊಲೆ ಶಿಥಿಲವಾದ ಕಡೆಯೆಲ್ಲ ಮೇಲಿನ ಕೆತ್ತನೆಯ ಗೋಡೆ ಜರಿದುಬಿದ್ದಿತ್ತು. ಕಬ್ಬಿಣದಂತೆ ಗಟ್ಟಿಯಾದ ಆ ಮರ ಯಾವುದೆಂದು ಕೇಳಿದಾಗ ‘ಸಪೋಟೆ’ ಎಂಬ ಉತ್ತರ ಬಂತು. ಅದು ನಮ್ಮ ಸಪೋಟವೇ! ಹಣ್ಣೂ ಹೆಸರೂ ಎರಡೂ ಈ ಸೀಮೆಯಿಂದಲೇ ಹಡಗೇರಿ ನಮ್ಮ ತೋಟಗಳಿಗೆ ಬಂದವು. 1840ರ ದಶಕದಲ್ಲಿ ಈ ಅವಶೇಷಗಳನ್ನು ಹೊರಜಗತ್ತಿಗೆ ಪರಿಚಯಿಸಿದ ಜಾನ್ ಲಾಯ್ಡ್ ಸ್ಟೀಫನ್ಸ್ ಮತ್ತು ಚಿತ್ರಕಾರ ಫ್ರೆಡರಿಕ್ ಕ್ಯಾಥರ್‌ವುಡ್, ಕಬಾದಿಂದ ಕೆತ್ತನೆಯ ತೊಲೆಗಳನ್ನು ಕಿತ್ತು ನ್ಯೂಯಾರ್ಕಿಗೆ ಸಾಗಿಸಿದರು. 1842ರಲ್ಲಿ ಅಲ್ಲಿನ ಪ್ರದರ್ಶನ ಭವನಕ್ಕೆ ಬೆಂಕಿ ಬಿದ್ದು ಅವು ಬೂದಿಯಾದವು. ಸಾವಿರ ವರ್ಷ ಮಳೆ-ಗೆದ್ದಲುಗಳನ್ನು ತಡೆದುಕೊಂಡ ಮರಕ್ಕೆ ನ್ಯೂಯಾರ್ಕಿನಲ್ಲಿ ಒಂದು ವರ್ಷವೂ ಬಾಳಿಕೆ ಬರಲಿಲ್ಲ.

ಮಧ್ಯಾಹ್ನದ ಊಟ ಸಾಂತಾ ಎಲೆನಾ ಎಂಬ ಹಳ್ಳಿಯ ಮನೆಯೊಂದರ ಹಿತ್ತಲಿನಲ್ಲಿ. ಸಸ್ಯಾಹಾರಿಗಳಾದ ನಮಗೆ ಕಪ್ಪು ಕಾಳಿನ ಸಾರು, ಕೈಯಲ್ಲಿ ತಟ್ಟಿದ ಜೋಳದ ತೆಳು ರೊಟ್ಟಿ, ಜೊತೆಗೆ ‘ಸಿಕಿಲ್ ಪಾಕ್’ ಬಂತು. ಹುರಿದ ಕುಂಬಳ ಬೀಜದ ಪುಡಿಗೆ ಸುಟ್ಟ ಟೊಮೆಟೊ, ಕೊತ್ತಂಬರಿ ಮತ್ತು ಖಾರ ಸೇರಿಸಿದ ಈ ವ್ಯಂಜನವನ್ನು ನನ್ನ ಹೆಂಡತಿ ಒಂದು ತುತ್ತಿಗೇ ‘ಇದು ಚಟ್ನಿ’ ಎಂದು ತೀರ್ಮಾನಿಸಿ, ಗುರೆಳ್ಳು ಪುಡಿಯ ಪಕ್ಕದಲ್ಲಿ ಅದಕ್ಕೊಂದು ಜಾಗ ಕೊಟ್ಟಳು. ಊಟದ ನಂತರ ಮಾತ್ರ ಒಂದು ಕಿರಿಕಿರಿ. ಅಂಗಡಿಗೆ ಕರೆದೊಯ್ಯುವುದಿಲ್ಲವೆಂದು ಮುಂಚೆಯೇ ತಿಳಿಸಿದ್ದರೂ ವ್ಯಾನನ್ನು ಒಂದು ಕರಕುಶಲ ಮಳಿಗೆಯ ಮುಂದೆ ನಿಲ್ಲಿಸಿ ಮುಕ್ಕಾಲು ಗಂಟೆ ಕಳೆದರು. ಅಲ್ಲಿ ‘ಮಾಯಾ ಕ್ಯಾಲೆಂಡರ್’ ಎಂದು ಮಾರುತ್ತಿದ್ದ ತಟ್ಟೆಗಳ ಮೇಲಿದ್ದುದು ಅಜ್ಟೆಕ್ ಜನರ ಸೂರ್ಯಶಿಲೆ. ಮಾರ್ಗದರ್ಶಕರು ಒಳಗೆ ಬರಲೇ ಇಲ್ಲ.

ಹಾಗಾಗಿ ಕಬಾಕ್ಕೆ ಉಳಿದದ್ದು ಒಂದೇ ಗಂಟೆ. ಹೆದ್ದಾರಿ ಆ ನಗರವನ್ನು ಎರಡಾಗಿ ಸೀಳಿಕೊಂಡು ಹೋಗುತ್ತದೆ. ಒಂದು ಬದಿಯಲ್ಲಿ ‘ಕೋಟ್ಸ್ ಪೋಪ್’ ಅರಮನೆ. ಇಲ್ಲಿ ಖಾಲಿ ಗೋಡೆ ಎಂಬುದೇ ಇಲ್ಲ, ನೆಲದಿಂದ ಸೂರಿನವರೆಗೆ ಸುಮಾರು 250 ಚಾಕ ಮುಖಗಳು ಒತ್ತೊತ್ತಾಗಿವೆ, ಬಹುತೇಕ ಮೂಗುಗಳು ಮುರಿದಿವೆ. ಒಂದು ಕೋಣೆಯ ಹೊಸ್ತಿಲಲ್ಲಿ ಮಾತ್ರ ಸುರುಳಿ ಸುತ್ತಿದ ಮೂಗೇ ಮೆಟ್ಟಿಲು, ದೇವರ ಮೂಗನ್ನು ತುಳಿದೇ ಒಳಕೋಣೆಗೆ ಹೋಗಬೇಕು. ಉಶ್ಮಾಲ್‌ನಲ್ಲಿ ಅಳತೆಯರಿತು ಬಿಟ್ಟ ಖಾಲಿ ಜಾಗದ ಚೆಲುವು ಇಲ್ಲಿಲ್ಲ. ಕಾತರ ಹೆಚ್ಚಾದವರ ಕೆಲಸದಂತೆ ಕಾಣುತ್ತದೆ. ರಸ್ತೆಯ ಆಚೆ ಬದಿಯಲ್ಲಿ ಕಲ್ಲಿನ ಕಮಾನೊಂದು ಒಂಟಿಯಾಗಿ ನಿಂತಿದೆ. ಉಶ್ಮಾಲ್‌ಗೆ ಹೋಗುವ 18 ಕಿಲೋಮೀಟರಿನ ಹಳೆಯ ಕಲ್ಲುಹಾದಿ ಹೊರಡುವುದು ಅಲ್ಲಿಂದಲೇ. ಅದಕ್ಕೆ ‘ಸಕ್ ಬೆ’ ಎನ್ನುತ್ತಾರೆ, ಬಿಳಿ ದಾರಿ. ಬೆಳಿಗ್ಗೆ ಕಲಿತ ‘ಬೇಲ್’ನಲ್ಲಿದ್ದುದೂ ಇದೇ ದಾರಿ ಎಂದು ಆಗ ಹೊಳೆಯಿತು.

ಕತ್ತಲಾಗುವ ಹೊತ್ತಿಗೆ ಮೆರಿಡಾ ತಲುಪಿದೆವು. ಇಳಿಯುವಾಗ ಧೈರ್ಯ ಮಾಡಿ ‘ಬಿಶ್ ಆ ಬೇಲ್’ ಎಂದೆ. ‘ಮಾಲೊಬ್’, ಚೆನ್ನಾಗಿದೆ ಎಂದು ಉತ್ತರಿಸಿದ ಅವರು ಫೋನಿನಲ್ಲಿ ಹವಾಮಾನ ನೋಡುತ್ತಿದ್ದರು. ತಂದೆ ಇನ್ನೂ ಹೊಲ ಸುಟ್ಟಿಲ್ಲವಂತೆ. ಬೇಗ ಸುಟ್ಟರೆ ಬೂದಿ ಗಾಳಿಗೆ ಹಾರಿಹೋಗುತ್ತದೆ, ತಡಮಾಡಿದರೆ ಕಡಿದ ಸೊಪ್ಪು ಮಳೆಗೆ ನೆನೆದು ಉರಿಯುವುದೇ ಇಲ್ಲ. ಫೋನು ಹತ್ತು ದಿನಗಳಿಗೂ ಬರೀ ಸೂರ್ಯನನ್ನೇ ತೋರಿಸುತ್ತಿತ್ತು. ‘ಅಪ್ಪ ಇದನ್ನು ನಂಬುವುದಿಲ್ಲ, ಇರುವೆಗಳನ್ನು ನೋಡಿ ಹೇಳುತ್ತೇನೆ ಎನ್ನುತ್ತಾರೆ’ ಎಂದು ಫೋನನ್ನು ಜೇಬಿಗೆ ಹಾಕಿಕೊಂಡರು.