ಪಿಎಚ್‌ಪಿ ಅಪ್‌ಗ್ರೇಡ್ ಲಾಗ್: ರೀಲೋಡ್ ಬಿಟ್ಟ ಮೇಲೆ 502 ನಿಂತಿತು

ಕೊನೆಗೂ ಆಯಿತು. ನನ್ನ ಸೈಟ್ ಓಡುತ್ತಿರುವಾಗಲೇ ಅದನ್ನು ನಡೆಸುವ ಪಿಎಚ್‌ಪಿಗೆ ಪ್ಯಾಚ್ ಹಾಕಿದೆ, ವೆಬ್ ಸರ್ವರ್ ಎಂಜಿನ್‌ಎಕ್ಸ್ ಲಾಗಿನಲ್ಲಿ ಒಂದೇ ಒಂದು 502 (ಹಿಂದಿರುವ ಪಿಎಚ್‌ಪಿಯಿಂದ ಸರಿಯಾದ ಉತ್ತರ ಬರಲಿಲ್ಲ ಎಂಬ ಎರರ್) ಇಲ್ಲ. ಖುಷಿ ತಡೆಯಲಾಗುತ್ತಿಲ್ಲ, ಅದಕ್ಕೇ ಬಿಸಿಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ.

7.4ರಿಂದ 8.3ಕ್ಕೆ ಹೋದದ್ದನ್ನು ಉದ್ದಕ್ಕೆ ಹೇಳುವುದಿಲ್ಲ. 7.4ಕ್ಕೆ 2022ರ ನವೆಂಬರ್‌ನಲ್ಲೇ ಸೆಕ್ಯೂರಿಟಿ ಪ್ಯಾಚ್ ನಿಂತಿತ್ತು, ಹೋಗಲೇಬೇಕಿತ್ತು. ಎರಡೂ ವರ್ಶನ್ ಪಕ್ಕಪಕ್ಕದಲ್ಲಿ ಕೂರುತ್ತವೆ, ಸಾಕೆಟ್ (ಎಂಜಿನ್‌ಎಕ್ಸ್ ಪಿಎಚ್‌ಪಿ ಜೊತೆ ಮಾತಾಡುವ ಬಾಗಿಲು) ಬೇರೆ ಬೇರೆ. ಕೋಡಿನಲ್ಲಿ ಸೊನ್ನೆಯನ್ನು ಸ್ಟ್ರಿಂಗ್ ಜೊತೆ ಹೋಲಿಸುವ ಜಾಗಗಳನ್ನು ಹುಡುಕಿ ಸರಿ ಮಾಡಬೇಕು, ಯಾಕೆಂದರೆ 8.0ರಿಂದ ಆ ಹೋಲಿಕೆಯ ಉತ್ತರವೇ ಬೇರೆ. ಅದೆಲ್ಲ ನಿಮಗೂ ಗೊತ್ತಿರುವುದೇ.

ತಲೆ ತಿಂದದ್ದು ಆಮೇಲೆ ಬರುವ ಪುಟ್ಟ ಪ್ಯಾಚ್‌ಗಳು. 8.3ರ ಒಳಗೇ ಹೊಸ ಪ್ಯಾಚ್ ಬಂದರೆ, ಪೂಲ್ (ವರ್ಕರ್ ಗುಂಪು) ಸೆಟ್ಟಿಂಗ್ ಬದಲಿಸಿದರೆ, ಎಫ್‌ಪಿಎಂ ರೀಲೋಡ್ ಮಾಡಬೇಕು. ಎಫ್‌ಪಿಎಂ ಅಂದರೆ ಪಿಎಚ್‌ಪಿ ಕೋಡ್ ಓಡಿಸುವ ಪ್ರೋಗ್ರಾಂ: ಒಂದು ಮಾಸ್ಟರ್, ಅದರ ಕೈಕೆಳಗೆ ರಿಕ್ವೆಸ್ಟ್ ನೋಡಿಕೊಳ್ಳುವ ವರ್ಕರ್‌ಗಳು. ರೀಲೋಡ್ ಅಂದಮೇಲೆ ಓದುಗರಿಗೆ ಗೊತ್ತೇ ಆಗಬಾರದು, ಅಲ್ವಾ? ಹಾಗೆ ಆಗುತ್ತಿರಲಿಲ್ಲ. ಪ್ರತಿ ಸಲವೂ ಎರರ್ ಲಾಗಿನಲ್ಲಿ ಒಂದಿಷ್ಟು ಸಾಲು: 104, ಕನೆಕ್ಷನ್ ರೀಸೆಟ್ ಬೈ ಪಿಯರ್. ಯಾರೋ ಉದ್ದದ ಫಾರ್ಮ್ ತುಂಬಿ ಸಬ್‌ಮಿಟ್ ಒತ್ತಿರುತ್ತಾರೆ, ಅದೇ ಗಳಿಗೆಯಲ್ಲಿ ಅವರ ವರ್ಕರ್ ಸತ್ತಿರುತ್ತದೆ. ಒಮ್ಮೆ ಅಪ್‌ಸ್ಟ್ರೀಮಿಗೆ (ಹಿಂದಿರುವ ಎಫ್‌ಪಿಎಂಗೆ) ಹೋದ ಪೋಸ್ಟ್ ರಿಕ್ವೆಸ್ಟನ್ನು ಎಂಜಿನ್‌ಎಕ್ಸ್ 1.9.13ರಿಂದ ಈಚೆಗೆ ತಾನಾಗಿ ಇನ್ನೊಂದು ಸರ್ವರಿಗೆ ಕಳಿಸುವುದಿಲ್ಲ. ಅದು ಸರಿಯೇ, ಒಂದೇ ಫಾರ್ಮ್ ಎರಡು ಸಲ ಸೇವ್ ಆಗಬಾರದು. ಆದರೆ ಬರೆದವರ ಬರಹ ಹೋಯಿತಲ್ಲ, ಅದು ನನಗೆ ಸಹಿಸಲಿಕ್ಕೆ ಆಗುವುದಿಲ್ಲ.

ಕಾರಣ ಎಫ್‌ಪಿಎಂ ಒಳಗೇ ಇದೆ. ರೀಲೋಡ್ ಅಂದಾಗ ಮಾಸ್ಟರ್ ತನ್ನ ವರ್ಕರ್‌ಗಳಿಗೆ ಮೊದಲು ಸಿಗ್‌ಕ್ವಿಟ್ ಕಳಿಸುತ್ತದೆ, ಅಂದರೆ ಕೈಲಿರುವ ಕೆಲಸ ಮುಗಿಸಿ ಹೊರಡಿ ಎಂದು. ಎಷ್ಟು ಹೊತ್ತು ಕಾಯಬೇಕು ಅನ್ನುವುದು ಪ್ರೊಸೆಸ್ ಕಂಟ್ರೋಲ್ ಟೈಮ್‌ಔಟ್ ಎಂಬ ಸೆಟ್ಟಿಂಗಿನಲ್ಲಿರುತ್ತದೆ. ಅದರ ಡಿಫಾಲ್ಟ್ ಸೊನ್ನೆ! ಸೊನ್ನೆ ಇದ್ದರೆ ಸಿಗ್‌ಕ್ವಿಟ್ ಬೆನ್ನಿಗೇ ಸಿಗ್‌ಟರ್ಮ್ (ಈಗಲೇ ನಿಲ್ಲಿ ಎಂಬ ಸಿಗ್ನಲ್) ಹೋಗುತ್ತದೆ, ಕೆಲಸ ಮುಗಿಸಲು ಯಾರಿಗೂ ಪುರುಸೊತ್ತೇ ಇಲ್ಲ.

ಸರಿ, ಅದನ್ನು 60 ಸೆಕೆಂಡಿಗೆ ಏರಿಸಿದೆ. 104 ಮಾಯವಾಯಿತು. ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತು: 11, ರಿಸೋರ್ಸ್ ಟೆಂಪೊರರಿಲಿ ಅನ್‌ಅವೈಲಬಲ್. ಅದೂ ಒಂದೆರಡಲ್ಲ, ಗುಂಪುಗುಂಪಾಗಿ.

ನನ್ನ ಸೈಟಿನಲ್ಲಿ ಒಂದು ಎಕ್ಸ್‌ಪೋರ್ಟ್ ಪೇಜ್ ಇದೆ, ದೊಡ್ಡ ಪಿಡಿಎಫ್ ಕಟ್ಟಿ ಕೊಡುತ್ತದೆ, ಒಂದೊಂದು ಸಲ ಮುಕ್ಕಾಲು ನಿಮಿಷ ಹಿಡಿಯುತ್ತದೆ. ರೀಲೋಡ್ ಹೊತ್ತಿಗೆ ಅಂಥದ್ದೊಂದು ಓಡುತ್ತಿದ್ದರೆ ಏನಾಗುತ್ತದೆ ನೋಡಿ. ಸುಮ್ಮನೆ ಕೂತಿದ್ದ ವರ್ಕರ್‌ಗಳೆಲ್ಲ ತಕ್ಷಣ ಹೊರಡುತ್ತವೆ. ಪಿಡಿಎಫ್ ಕಟ್ಟುತ್ತಿರುವ ಒಂದು ಮಾತ್ರ ಉಳಿಯುತ್ತದೆ. ಅದು ಮುಗಿಯುವ ತನಕ ಮಾಸ್ಟರ್ ಹೊಸ ವರ್ಕರ್ ಹುಟ್ಟಿಸುವುದಿಲ್ಲ, ಎಲ್ಲರೂ ಹೋದ ಮೇಲೇ ತಾನು ಮತ್ತೆ ಶುರುವಾಗುತ್ತದೆ. ಅಷ್ಟೂ ಹೊತ್ತು ಬಂದವರೆಲ್ಲ ಸಾಕೆಟ್ಟಿನ ಬ್ಯಾಕ್‌ಲಾಗಿನಲ್ಲಿ ಸಾಲು ನಿಂತಿರುತ್ತಾರೆ. ಒಬ್ಬರ ಪಿಡಿಎಫ್‌ಗೋಸ್ಕರ ಊರಿಗೆ ಊರೇ ಕಾಯಬೇಕು. ಇನ್ನೊಂದು ಟರ್ಮಿನಲ್ಲಿನಲ್ಲಿ ಎಸ್‌ಎಸ್ ಕಮಾಂಡ್ ಹಾಕಿ ಆ ಸಾಕೆಟ್ಟಿನ ರಿಸೀವ್ ಕ್ಯೂ, ಅಂದರೆ ಕಾಯುತ್ತಿರುವವರ ಲೆಕ್ಕ, ನೋಡುತ್ತಾ ಕೂತೆ. ಸೊನ್ನೆ ಇದ್ದದ್ದು ಮೆಲ್ಲಗೆ ಏರಿತು, ಏರಿತು, 128 ದಾಟಿದ್ದೇ ಲಾಗಿನಲ್ಲಿ ಎರರ್ ಸುರಿಯಲು ಶುರು.

128 ಯಾಕೆ? ಎಫ್‌ಪಿಎಂ ಬ್ಯಾಕ್‌ಲಾಗ್ ಡಿಫಾಲ್ಟ್ ಅದಕ್ಕಿಂತ ದೊಡ್ಡದೇ ಇರಬೇಕು. ಆದರೆ ಕರ್ನಲ್‌ನ ಸೋಮ್ಯಾಕ್ಸ್‌ಕಾನ್ ಎಂಬ ಮಿತಿ ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ಸಿಗುವುದಿಲ್ಲ, ಎರರನ್ನೂ ಹೇಳದೆ ಸುಮ್ನೆ ಕತ್ತರಿಸಿಬಿಡುತ್ತದೆ. ಲಿನಕ್ಸ್ 5.4ರಿಂದ ಅದರ ಡಿಫಾಲ್ಟ್ 4096. ನನ್ನ ಹೋಸ್ಟಿಂಗಿನವರು ಕೊಟ್ಟ ಇಮೇಜಿನಲ್ಲಿ ಒಂದು ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್) ಫೈಲ್ ಇಟ್ಟು ಅದನ್ನು ಹಳೆಯ 128ಕ್ಕೇ ಇಳಿಸಿದ್ದಾರೆ. ಯಾಕೆ ಎಂದು ಟಿಕೆಟ್ ಹಾಕಿ ಕೇಳಿದರೆ ಬಂದ ಉತ್ತರ, ಒಮ್ಮೆ ರೀಬೂಟ್ ಮಾಡಿ ನೋಡಿ. ಡೌನ್‌ಟೈಮ್ ಬೇಡ ಎಂದು ಒದ್ದಾಡುತ್ತಿರುವವರಿಗೆ ರೀಬೂಟ್ ಸಲಹೆ! ದುಡ್ಡು ತೆಗೆದುಕೊಂಡು ಇಷ್ಟು ಉಡಾಫೆ ಮಾಡಬಾರದು. ಆ ಫೈಲ್ ನಾನೇ ತೆಗೆದೆ, ಬ್ಯಾಕ್‌ಲಾಗ್ ದೊಡ್ಡದಾಯಿತು. ಆದರೂ ಕಾಯುವವರು ಕಾಯುತ್ತಲೇ ಇದ್ದರು, ಸಾಲು ಉದ್ದವಾಯಿತು ಅಷ್ಟೇ.

ಟೈಮ್‌ಔಟ್ ಕಡಿಮೆ ಮಾಡಿದರೆ ಪಿಡಿಎಫ್ ಸಾಯುತ್ತದೆ, ಜಾಸ್ತಿ ಮಾಡಿದರೆ ಸೈಟ್ ನಿಲ್ಲುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಹಾಗೆ. ಈ ಎರಡರ ನಡುವೆ ಸರಿಯಾದ ಸಂಖ್ಯೆ ಅಂತ ಯಾವುದೂ ಇಲ್ಲ ಎಂದು ಒಪ್ಪಿಕೊಂಡ ಮೇಲೆಯೇ ದಾರಿ ಕಂಡದ್ದು: ರೀಲೋಡನ್ನೇ ಬಿಟ್ಟುಬಿಡುವುದು.

ಈಗ 8.3ರದ್ದೇ ಎರಡು ಮಾಸ್ಟರ್ ಇವೆ, ಎ ಮತ್ತು ಬಿ. ಸರ್ವಿಸ್‌ಗಳನ್ನು ಶುರು ಮಾಡಿ ನಿಲ್ಲಿಸುವ ಸಿಸ್ಟಮ್‌ಡಿಯ ಟೆಂಪ್ಲೇಟ್ ಯೂನಿಟ್ (ಸೆಟ್ಟಿಂಗ್ ಫೈಲ್) ಒಂದೇ, ಸಾಕೆಟ್ ಮತ್ತು ಪಿಐಡಿ ಫೈಲ್ ಬೇರೆ. ರನ್‌ಟೈಮ್ ಡೈರೆಕ್ಟರಿಯನ್ನೂ ಬೇರೆ ಬೇರೆ ಇಡಿ, ಇಲ್ಲದಿದ್ದರೆ ಎ ನಿಂತಾಗ ಸಿಸ್ಟಮ್‌ಡಿ ಆ ಡೈರೆಕ್ಟರಿ ಅಳಿಸುತ್ತದೆ, ಜೊತೆಗೆ ಬಿಯ ಸಾಕೆಟ್ಟೂ ಹೋಗುತ್ತದೆ. ಸಾಮಾನ್ಯವಾಗಿ ಒಂದೇ ಓಡುತ್ತಿರುತ್ತದೆ, ಎ ಅಂದುಕೊಳ್ಳಿ. ಪ್ಯಾಚ್ ಬಂದಾಗ ಪ್ಯಾಕೇಜ್ ಮ್ಯಾನೇಜರ್ ಆಪ್ಟ್ ಡಿಸ್ಕಿನಲ್ಲಿರುವ ಫೈಲ್ ಬದಲಿಸುತ್ತದೆ. ಎ ಮಾತ್ರ ಮೆಮೊರಿಯಲ್ಲಿರುವ ಹಳೆಯ ಬೈನರಿಯಲ್ಲೇ ಓಡುತ್ತಿರುತ್ತದೆ, ಅದರ ವರ್ಕರ್‌ಗಳು ಫೋರ್ಕ್ ಆಗಿಯೇ (ಮಾಸ್ಟರಿನ ನಕಲಾಗಿ) ಹುಟ್ಟುವುದರಿಂದ ತೊಂದರೆ ಇಲ್ಲ. ಆಮೇಲೆ ಬಿ ಶುರು ಮಾಡುತ್ತೇನೆ. ಅದರ ಆಪ್‌ಕ್ಯಾಶ್ (ಕಂಪೈಲ್ ಆದ ಕೋಡಿನ ಸಂಗ್ರಹ) ಖಾಲಿ ಇರುತ್ತದಲ್ಲ, ಲೋಕಲ್‌ಹೋಸ್ಟಿಗೆ ಮಾತ್ರ ತೆರೆದ ಒಂದು ಪೋರ್ಟಿನಿಂದ ಮುಖ್ಯ ಪೇಜುಗಳನ್ನು ಕರ್ಲ್‌ನಲ್ಲಿ ಒಮ್ಮೆ ಮುಟ್ಟಿ ಬರುತ್ತೇನೆ. ಅಪ್‌ಸ್ಟ್ರೀಮ್ ಸಾಲಿನಲ್ಲಿ ಎ ಇದ್ದಲ್ಲಿ ಬಿ, ಕಾನ್ಫಿಗ್ ಟೆಸ್ಟ್, ಎಂಜಿನ್‌ಎಕ್ಸ್ ರೀಲೋಡ್. ಮುಗಿಯಿತು.

ಎಂಜಿನ್‌ಎಕ್ಸ್ ರೀಲೋಡ್ ನಿಜಕ್ಕೂ ರೀಲೋಡ್. ಹೊಸ ವರ್ಕರ್‌ಗಳು ಹೊಸ ಕಾನ್ಫಿಗ್ ಹಿಡಿದು ಮೊದಲೇ ಎದ್ದು ನಿಲ್ಲುತ್ತವೆ, ಹಳೆಯವು ಇದ್ದ ಕೆಲಸ ಮುಗಿಸುತ್ತವೆ. ಪಿಎಸ್ ಹಾಕಿ ನೋಡಿದರೆ ಹಳೆಯ ವರ್ಕರ್ ಪಕ್ಕ ‘ಈಸ್ ಶಟ್ಟಿಂಗ್ ಡೌನ್’ ಎಂದು ಬರೆದಿತ್ತು. ಅದು ಹಳೆಯ ಎ ಜೊತೆ ಮಾತಾಡುತ್ತಾ ಆ ಪಿಡಿಎಫ್ ಮುಗಿಸುತ್ತಿತ್ತು, ಆಗಲೇ ಬಾಕಿ ಎಲ್ಲರೂ ಬಿಯಲ್ಲಿ ಆರಾಮಾಗಿ ಓದುತ್ತಿದ್ದರು. ನೋಡಿ ಕೂಗಿಕೊಳ್ಳುವಷ್ಟು ಖುಷಿಯಾಯಿತು.

ಎ ಖಾಲಿಯಾಯಿತೇ ಎಂದು ಸ್ಟೇಟಸ್ ಪೇಜಿನಲ್ಲಿ ಆಕ್ಟಿವ್ ಪ್ರೊಸೆಸ್ ನೋಡಿ. 1 ಎಂದು ತೋರಿಸಿದರೆ ಖಾಲಿ ಎಂದೇ ಅರ್ಥ, ಆ ಒಂದು ನಿಮ್ಮ ಸ್ಟೇಟಸ್ ರಿಕ್ವೆಸ್ಟೇ. ನಿಲ್ಲಿಸುವಾಗ ಸಿಸ್ಟಮ್‌ಡಿ ಡಿಫಾಲ್ಟಾಗಿ ಸಿಗ್‌ಟರ್ಮ್ ಕಳಿಸುತ್ತದೆ, ಯೂನಿಟ್ಟಿನಲ್ಲಿ ಕಿಲ್ ಸಿಗ್ನಲ್ಲನ್ನು ಸಿಗ್‌ಕ್ವಿಟ್ ಮಾಡಿಕೊಳ್ಳಿ. ಈಗ ಎಫ್‌ಪಿಎಂ ಟೈಮ್‌ಔಟ್ 120 ಸೆಕೆಂಡ್ ಇಟ್ಟರೂ ಯಾರೂ ಕಾಯುವುದಿಲ್ಲ, ಆದರೆ ಸಿಸ್ಟಮ್‌ಡಿಯ ಸ್ಟಾಪ್ ಟೈಮ್‌ಔಟ್ ಡಿಫಾಲ್ಟ್ 90 ಇರುತ್ತದೆ, ಅದನ್ನೂ ಏರಿಸಬೇಕು. ಪ್ಯಾಕೇಜಿನ ಜೊತೆ ಬರುವ ಮೂಲ ಎಫ್‌ಪಿಎಂ ಸರ್ವಿಸನ್ನು ಮಾಸ್ಕ್ ಮಾಡಿ (ಶುರುವಾಗದಂತೆ ತಡೆಯಿರಿ), ಅಪ್‌ಡೇಟ್ ಆದಮೇಲೆ ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡುವ ನೀಡ್‌ರೀಸ್ಟಾರ್ಟ್ ಇದ್ದರೆ ನಿಮ್ಮ ಯೂನಿಟ್‌ಗಳನ್ನು ಅದರ ಪಟ್ಟಿಯಿಂದ ಹೊರಗಿಡಿ. ಇಲ್ಲದಿದ್ದರೆ ಅದು ಎಲ್ಲದಕ್ಕೂ ಮೂಗು ತೂರಿಸುತ್ತದೆ.

ಇನ್ನೊಂದು ಮಾತು. ಸೈಟಿನ ಡೇಟಾವನ್ನು ಮೆಮೊರಿಯಲ್ಲಿಡುವ ಎಪಿಸಿಯು ಕ್ಯಾಶ್ ಮಾಸ್ಟರಿಗೊಂದರಂತೆ ಬೇರೆ ಬೇರೆ ಇರುತ್ತದೆ. ಎರಡೂ ಓಡುವಾಗ ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿ ಉಳಿದೇ ಇರುತ್ತದೆ. ನಾನು ಅದನ್ನು ಎರಡೂ ಹಂಚಿಕೊಳ್ಳುವ ರೆಡಿಸ್ ಎಂಬ ಹೊರಗಿನ ಕ್ಯಾಶ್‌ಗೆ ಸಾಗಿಸಿದೆ. ಡೇಟಾಬೇಸ್ ಕನೆಕ್ಷನ್ ಕೂಡ ಆ ಸ್ವಲ್ಪ ಹೊತ್ತು ಡಬಲ್ ಆಗಬಹುದು, ಅದಕ್ಕೆ ಜಾಗ ಇಟ್ಟಿರಬೇಕು.

ಡೇಟಾಬೇಸ್ ಅಂದಕೂಡಲೇ ನೆನಪಾಯಿತು, ಮುಂದಿನ ಸರದಿ ಪೋಸ್ಟ್‌ಗ್ರೆಸ್, 13ರಿಂದ 17ಕ್ಕೆ. ಲಾಜಿಕಲ್ ರೆಪ್ಲಿಕೇಶನ್ನಿನಲ್ಲಿ (ಬದಲಾವಣೆಗಳನ್ನು ಬಂದಹಾಗೆ ನಕಲಿಸುವ ವಿಧಾನ) ಹೊಸದನ್ನು ಪಕ್ಕದಲ್ಲೇ ತುಂಬಿಸಿಟ್ಟು, ಕನೆಕ್ಷನ್‌ಗಳಿಗೆ ಮಧ್ಯವರ್ತಿಯಾದ ಪಿಜಿಬೌನ್ಸರ್‌ನಲ್ಲಿ ಒಂದು ಪಾಝ್ (ತಾತ್ಕಾಲಿಕ ತಡೆ) ಹಾಕಿ ಕನೆಕ್ಷನ್ ತಿರುಗಿಸುವ ಆಲೋಚನೆ. ಸೀಕ್ವೆನ್ಸ್‌ಗಳು (ಹೊಸ ಐಡಿ ಸಂಖ್ಯೆ ಕೊಡುವ ಎಣಿಕೆಗಳು) ರೆಪ್ಲಿಕೇಟ್ ಆಗುವುದಿಲ್ಲ, ಅವನ್ನು ಬೇರೆಯಾಗಿ ಮುಂದಕ್ಕೆ ತಳ್ಳದಿದ್ದರೆ ಮೊದಲ ಇನ್ಸರ್ಟಿಗೇ ಡುಪ್ಲಿಕೇಟ್ ಕೀ ಎರರ್ ಗ್ಯಾರಂಟಿ. ಪ್ರೈಮರಿ ಕೀ ಇಲ್ಲದ ಹಳೆಯ ಟೇಬಲ್‌ಗಳೂ ಕೆಲವಿವೆ, ರೆಪ್ಲಿಕಾ ಐಡೆಂಟಿಟಿ (ಯಾವ ಸಾಲು ಎಂದು ಗುರುತಿಸುವ ವಿಧಾನ) ಕೊಡದೆ ಅವುಗಳ ಮೇಲೆ ಅಪ್‌ಡೇಟ್, ಡಿಲೀಟ್ ನಡೆಯುವುದಿಲ್ಲ. ಮೊದಲು ಆ ಟೇಬಲ್‌ಗಳ ಪಟ್ಟಿ ಮಾಡಿಕೊಳ್ಳಬೇಕು.